ಕೂಗದ ಪೆಟ್ಟಿಗೆ

ಸೋಮವಾರ ಬೆಳಿಗ್ಗೆ ಸಸ್ಯಶಾಸ್ತ್ರದ ಪ್ರೊಫೆಸರು ನೆಲಮಾಳಿಗೆಯ ಶೀತಕೋಣೆಯ ಬಾಗಿಲು ತೆರೆದಾಗ ಕಾಲಡಿಯಲ್ಲಿ ನೀರು ಪಚಕ್ಕೆಂದಿತು. ಫ್ರೀಜರ್ ನಿಂತುಹೋಗಿತ್ತು. ಕಾಡುಮೇಡು ಅಲೆದು ತಂದ ಗಿಡಗಳ ಮಾದರಿಗಳೆಲ್ಲ ಗಾಜಿನ ಕೊಳವೆಗಳಲ್ಲೇ ಕೊಳೆತು ನಾರುತ್ತಿದ್ದವು. ಅವರ ಅರ್ಧ ಆಯುಷ್ಯದ ದುಡಿಮೆ ಅದು.

ಗೋಡೆಯ ಮೇಲಿನ ಎಚ್ಚರಿಕೆಯ ಪೆಟ್ಟಿಗೆ ಮಾತ್ರ ಹಸಿರು ದೀಪ ಮಿನುಗಿಸುತ್ತಾ ತನಗೇನೂ ಗೊತ್ತಿಲ್ಲವೆಂಬಂತೆ ಕೂತಿತ್ತು. ಕೋಣೆ ಬಿಸಿಯಾದರೆ ಪ್ರೊಫೆಸರರ ಫೋನಿಗೆ ಸುದ್ದಿ ಮುಟ್ಟಿಸುವುದೇ ಅದರ ಕೆಲಸ. ಅದು ಕೂಗಲೇ ಇಲ್ಲ. ಯಾಕೆ?

ಕ್ಯಾಂಪಸ್ಸಿನ ಕಂಪ್ಯೂಟರ್ ಜಾಲ ನೋಡಿಕೊಳ್ಳುವ ನೆಟ್‌ವರ್ಕ್ ಮೇಡಂ ಮೆಟ್ಟಿಲಿಳಿದು ಬರುವಷ್ಟರಲ್ಲಿ ಭಾವ ಆಗಲೇ ಕಳ್ಳಿಯನ್ನು ಹಿಡಿದಾಗಿತ್ತು. ಭಾವ ಅಂದರೆ ಅವಳ ಅಕ್ಕನ ಗಂಡ, ಅವಳ ಕಚೇರಿಯಲ್ಲೇ ಹಿರಿಯರು. ಅವಳು ಕರೆದು ಕರೆದು ಈಗ ಇಡೀ ಕ್ಯಾಂಪಸ್ಸಿಗೇ ಭಾವ. ಒಮ್ಮೆ ಸಭೆಯಲ್ಲಿ ಕುಲಪತಿಗಳೂ ಬಾಯಿತಪ್ಪಿ ಹಾಗೇ ಕರೆದಿದ್ದರು. ಅಪ್ಪ ಹೋದ ಮೇಲೆ ಅವಳನ್ನು ಓದಿಸಿದವರು, ಈ ಕೆಲಸ ಕಲಿಸಿದವರು ಅವರೇ. "ಯಂತ್ರವನ್ನ ಕೈಯಿಂದ ಮುಟ್ಟಿ ನೋಡದೆ ಆಯ್ತು ಅನ್ನಬೇಡ ಪುಟ್ಟಿ" ಎಂಬುದು ಅವರು ಕಲಿಸಿದ ಮೊದಲ ಪಾಠ.

ಪಕ್ಕದ ಪ್ರಯೋಗಾಲಯದ ಸಂಶೋಧನಾ ವಿದ್ಯಾರ್ಥಿನಿ ಊರಿಂದ ಈಗಷ್ಟೇ ಬಂದಿದ್ದಳು. ಹೆಗಲ ಚೀಲವನ್ನೂ ಇಳಿಸದೆ ಬಿಕ್ಕುತ್ತಾ ನಿಂತಿದ್ದಳು.

"ಇವಳ ಕಂಪ್ಯೂಟರಲ್ಲಿ ಪೆಟ್ಟಿಗೆಯ ನಂಬರೇ ಇತ್ತು," ಎಂದರು ಭಾವ. "ಸ್ಥಿರ ವಿಳಾಸ ಬೇಕು ಅಂತ ಎರಡು ಸಲ ಅರ್ಜಿ ಹಾಕಿದ್ಲು. ನಾವು ಕೊಡಲಿಲ್ಲ. ಕದ್ದು ಹಾಕ್ಕೊಂಡಿದಾಳೆ! ಒಂದೇ ನಂಬರಿಗೆ ಎರಡು ಯಂತ್ರ ಕಿತ್ತಾಡಿದ್ರೆ ಪೆಟ್ಟಿಗೆಯ ಮಾತು ಹೊರಗೆ ಹೋಗುತ್ತಾ? ನಾನೇ ಅರ್ಧ ಗಂಟೆ ಹಿಂದೆ ಇವಳ ಯಂತ್ರದ ತಂತಿ ಕಿತ್ತೆ."

ನಂಬರು ಅಂದರೆ ಜಾಲದಲ್ಲಿ ಯಂತ್ರದ ವಿಳಾಸ. ಕ್ಯಾಂಪಸ್ಸಿನ ಸಾಮಾನ್ಯ ಯಂತ್ರಗಳಿಗೆ ಅದು ತಾನಾಗಿ ಸಿಗುತ್ತದೆ, ಆಗಾಗ ಬದಲಾಗುತ್ತದೆ. ಈ ಪೆಟ್ಟಿಗೆಯ ಹಾಗೆ ಅರ್ಜಿ ಹಾಕಿ ಒಪ್ಪಿಗೆ ಪಡೆದವಕ್ಕೆ ಮಾತ್ರ ಒಂದೇ ನಂಬರು ಕಾಯಂ. ಅದನ್ನು ಕೈಯಾರೆ ಬರೆದು ಕೂರಿಸಬೇಕು.

"ಇವತ್ತೇ ಈಕೆಯನ್ನ ವಿಶ್ವವಿದ್ಯಾಲಯದಿಂದ ಹೊರಗೆ ಹಾಕಿಸ್ತೀನಿ," ಎಂದು ಪ್ರೊಫೆಸರು ಹಲ್ಲು ಕಡಿದರು.

"ಒಂದು ನಿಮಿಷ ಸರ್." ಮೇಡಂ ಹುಡುಗಿಯತ್ತ ತಿರುಗಿದಳು. "ನೀನು ಊರಿಗೆ ಹೋಗಿದ್ದು ಯಾವಾಗ?"

"ಗುರುವಾರ ಮಧ್ಯಾಹ್ನ, ಮೇಡಂ. ಕಂಪ್ಯೂಟರ್ ಆರಿಸಿ, ಬೀಗ ಹಾಕಿ ಹೋದೆ. ಆಣೆ ಮಾಡ್ತೀನಿ—"

"ಆಣೆ ಯಾರಿಗೆ ಬೇಕು?" ಭಾವ ಗದರಿದರು. "ಗುರುವಾರವೇ ನಂಬರ್ ಕೂರಿಸಿ, ಓಡೋಕೆ ಬಿಟ್ಟು ಹೋಗಿದಾಳೆ."

"ಪೆಟ್ಟಿಗೆ ಸರಿ ಇತ್ತಾ ಭಾವ?"

"ಶುಕ್ರವಾರ ನಾನೇ ಮುಟ್ಟಿ ನೋಡಿ ಬಂದಿದೀನಲ್ಲೇ! ಈಗ ಯಾರೂ ಮುಟ್ಟಬೇಡಿ. ತನಿಖೆಗೆ ಬೇಕಾಗುತ್ತೆ."

ಪ್ರೊಫೆಸರು ಅವಳನ್ನೇ ನೋಡಿದರು. "ನಿಜಾನಾ ಮೇಡಂ?"

"ನಮ್ಮ ಭಾವ ನೋಡಿದೆ ಅಂದ್ರೆ ನೋಡಿದ ಹಾಗೇ ಸರ್. ಅದಕ್ಕೆ ನಾನು ಹೊಣೆ."

ಹೇಳುವಾಗ ಅವಳಿಗೆ ಸ್ವಲ್ಪ ಹೆಮ್ಮೆಯೇ ಆಗಿತ್ತು. ಆಮೇಲೆ ಪಕ್ಕದ ಕೋಣೆಗೆ ಹೋಗಿ ಹುಡುಗಿಯ ಕಂಪ್ಯೂಟರಿನ ಮುಂದೆ ಕೂತಳು. ಪರದೆಯ ಮೇಲೆ ಪೆಟ್ಟಿಗೆಯ ನಂಬರು ಇದ್ದದ್ದು ನಿಜ. ಅದರ ಕೆಳಗಿನ ಸಾಲನ್ನೂ ಓದಿದಳು. ಕನ್ನಡಕ ಒರೆಸಿಕೊಂಡು ಇನ್ನೊಮ್ಮೆ ಓದಿದಳು.

ಶೀತಕೋಣೆಗೆ ಮರಳಿದಾಗ ಭಾವ ಪ್ರೊಫೆಸರರಿಗೆ ಸಮಾಧಾನ ಹೇಳುತ್ತಿದ್ದರು.

"ಭಾವ, ತಂತಿ ಕಿತ್ತು ಅರ್ಧ ಗಂಟೆ ಆಯ್ತು ಅಂದ್ರಿ. ಕಿತ್ತಾಡೋ ಯಂತ್ರವೇ ಈಗಿಲ್ಲ. ಕೋಣೆ ಇನ್ನೂ ಬಿಸಿ. ಹಾಗಿದ್ರೆ ಪೆಟ್ಟಿಗೆ ಈಗ್ಯಾಕೆ ಕೂಗ್ತಿಲ್ಲ?"

"ಅದು... ಕೆಟ್ಟಿರಬೇಕು."

"ಸರ್, ನಂಬರಿನ ಜೊತೆ ಇನ್ನೊಂದನ್ನ ಬರೀಬೇಕು, ಗೇಟ್‌ವೇ. ಕಟ್ಟಡದಿಂದ ಮಾತು ಹೊರಗೆ ಹೋಗೋ ಬಾಗಿಲು ಅಂದ್ಕೊಳ್ಳಿ. ಈ ಕಟ್ಟಡದ ಬಾಗಿಲನ್ನ ಶುಕ್ರವಾರ ಸಂಜೆ ಬದಲಾಯಿಸಿದ್ವಿ. ಉಳಿದ ಯಂತ್ರಗಳಿಗೆ ಹೊಸದು ತಾನಾಗಿ ತಿಳಿಯುತ್ತೆ. ಕಾಯಂ ನಂಬರಿನವಕ್ಕೆ ನಾವೇ ಹೋಗಿ ಬರೀಬೇಕು. ಮೇಲಿನ ಮಹಡಿಗಳು ನನ್ನ ಪಾಲು. ನೆಲಮಾಳಿಗೆ ಭಾವನ ಪಾಲು."

"ಅದಕ್ಕೂ ಈಕೆಗೂ ಏನು ಸಂಬಂಧ?"

"ಈಕೆಯ ಯಂತ್ರದಲ್ಲಿ ನಂಬರಿನ ಜೊತೆ ಕೈಯಾರೆ ಬರೆದಿರೋದು ಹೊಸ ಬಾಗಿಲು! ಗುರುವಾರ ಊರಿಗೆ ಹೋದೋಳು ಶುಕ್ರವಾರ ಬಂದ ಬಾಗಿಲನ್ನ ಹೇಗೆ ಬರೆದ್ಲು ಸರ್?"

ಅವಳು ಭಾವನತ್ತ ತಿರುಗಿದಳು.

"ಅದು ಗೊತ್ತಿದ್ದೋರು ನಾವಿಬ್ಬರೇ," ಎಂದಳು ಮೇಡಂ. "ಪ್ರಯೋಗಾಲಯದ ಕೀಲಿ, ಯಂತ್ರಗಳ ಪಾಸ್‌ವರ್ಡ್ ಎರಡೂ ನಮ್ಮ ಕಚೇರಿಯಲ್ಲಿವೆ. ಇವತ್ತು ಬೆಳಿಗ್ಗೆ ಎಲ್ಲರಿಗಿಂತ ಮೊದಲು ಬಂದು ಈ ನಂಬರ್ ಕೂರಿಸಿದ್ದು ನೀವು. ಸುಳ್ಳು ವಿಳಾಸ ಬರೆಯುವಾಗಲೂ ನಿಮ್ಮ ಬೆರಳು ಅಭ್ಯಾಸಬಲದಿಂದ ಸರಿಯಾದ ಬಾಗಿಲನ್ನೇ ಒತ್ತಿಬಿಡ್ತು. ಶುಕ್ರವಾರ ನೀವು ಇಲ್ಲಿಗೆ ಇಳಿದೇ ಇಲ್ಲ. ಅಲ್ವಾ ಭಾವ?"

ಭಾವ ಮೆಟ್ಟಿಲ ಮೇಲೆ ಕುಸಿದು ಕೂತರು. "ಮಂಡಿ ನೋವಿತ್ತು ಕಣೇ. ಸೋಮವಾರ ಬಂದು ಸದ್ದಿಲ್ಲದೆ ಸರಿಮಾಡಿದ್ರಾಯ್ತು ಅಂದ್ಕೊಂಡೆ. ಬಂದು ನೋಡಿದ್ರೆ ಎಲ್ಲ ಕೊಳೆತುಹೋಗಿತ್ತು, ಹೆದರಿ ಹೀಗೆ ಮಾಡಿಬಿಟ್ಟೆ."

"ಒಂದು ಮಾತು ಹೇಳಿದ್ರೆ ನಾನೇ ಇಳಿದು ಬರ್ತಿರಲಿಲ್ವಾ? ಈ ಹುಡುಗಿ ನಿಮಗೇನು ಮಾಡಿದ್ಲು? ಈಗಷ್ಟೇ ನಿಮ್ಮೆದುರಿಗೆ ನಾನು ಹೊಣೆ ಅಂದೆ. ಕೇಳಿಸ್ಕೊಂಡು ಸುಮ್ಮನಿದ್ರಲ್ಲ!"

"ನಿಮ್ಮಕ್ಕನ ಮುಖ ನೋಡಾದ್ರೂ—"

ನಂಬಿಸಿ ಕತ್ತು ಕೊಯ್ದವರು ಹೊರಗಿನವರಾಗಿದ್ದರೆ ಬೈಯಬಹುದಿತ್ತು; ಕೈಹಿಡಿದು ಕಲಿಸಿದವರನ್ನು ಏನೆಂದು ಬೈಯುವುದು? ಅವಳು ಲ್ಯಾಪ್‌ಟಾಪನ್ನು ಪೆಟ್ಟಿಗೆಗೆ ಜೋಡಿಸಿದಳು. ಅದರಲ್ಲಿ ಹಳೆಯ ಬಾಗಿಲೇ ಇತ್ತು. ಅಳಿಸಿ ಹೊಸದನ್ನು ಬರೆದಳು.

ಪ್ರೊಫೆಸರರ ಜೇಬಿನಲ್ಲಿ ಫೋನು ಗುಂಯ್‌ಗುಟ್ಟಿತು. ಅವರು ತೆಗೆದು ನೋಡಿದರು. ಶನಿವಾರದ ಸಂದೇಶ: ಕೋಣೆ ಬಿಸಿಯಾಗುತ್ತಿದೆ. ಹಿಂದೆಯೇ ಇನ್ನೊಂದು. ಮತ್ತೊಂದು. ಪೆಟ್ಟಿಗೆ ಅಷ್ಟೂ ಹೊತ್ತು ಕೂಗುತ್ತಲೇ ಇತ್ತು, ಕೂಗು ಹೊರಗೆ ಹೋಗಲು ಬಾಗಿಲಿರಲಿಲ್ಲ.

ಹುಡುಗಿ ಕೊನೆಗೂ ಹೆಗಲ ಚೀಲ ಇಳಿಸಿದಳು.

"ದೂರಿನಲ್ಲಿ ಏನಂತ ಬರೀಲಿ?" ಎಂದು ಪ್ರೊಫೆಸರು ಮೆಲ್ಲಗೆ ಕೇಳಿದರು. "ನಮಗೆಲ್ಲ ಇವರು ಭಾವ ಅಂತಷ್ಟೇ ಗೊತ್ತು."

ಮೇಡಂ ಮೆಟ್ಟಿಲ ಕಡೆ ನೋಡಲಿಲ್ಲ.

"ಭಾವ ಅಂತ ಬರೀಬೇಡಿ ಸರ್. ಪೂರ್ತಿ ಹೆಸರು ಕೊಡ್ತೀನಿ, ಅದನ್ನೇ ಬರೀರಿ."