ಗಾಯರಾಣದ ಗಾಳಿ

ಸುಗಂಧಾ ಅವನನ್ನು ಮೊದಲ ಸಲ ನೋಡಿದಾಗ ಮಳೆಗೆ ಹೊದಿಸುವ ತಾಡಪತ್ರಿ ಮಾರುವವನೆಂದುಕೊಂಡಳು.

ಏಪ್ರಿಲ್ ತಿಂಗಳ ಮಧ್ಯಾಹ್ನ. ನಾರಾಯಣಪುರದ ರಸ್ತೆಯಲ್ಲಿ ನಾಯಿ ಕೂಡ ಇರಲಿಲ್ಲ. ಅವಳ ಟೇಲರ್ ಅಂಗಡಿಯ ಮೆಟ್ಟಿಲ ಮೇಲೆ ಯಾರೋ ದೊಡ್ಡ ಚೀಲ ಇಳಿಸಿದ ಸದ್ದಾಯಿತು. ಅವಳು ತಲೆ ಎತ್ತದೆ ಹೇಳಿದಳು, "ಬ್ಯಾಡ್ರಿ. ಹೋದ ವರ್ಷನೇ ತಗೊಂಡೀವಿ."

"ಏನ್ ತಗೊಂಡೀರಿ?"

"ತಾಡಪತ್ರಿ."

ಅವನು ನಕ್ಕ. ಸದ್ದಿಲ್ಲದ, ಸುಸ್ತಾದ ನಗು. "ಮಾರಾಕ ಬಂದಿಲ್ರಿ. ಚೀಲದ ಬೆಲ್ಟ್ ಕಿತ್ತದ. ಹೊಲಿಸಾಕ ಬಂದೀನಿ."

ಸುಗಂಧಾ ಬೆಲ್ಟನ್ನು ಬೆರಳಲ್ಲಿ ಹಿಡಿದು ನೋಡಿದಳು. ಚಕ್ಕಡಿ ಹಗ್ಗದಷ್ಟು ಗಟ್ಟಿ ನೈಲಾನು. "ನಂದು ಬ್ಲೌಸ್ ಹೊಲಿಯೋ ಮಷೀನ್ ರಿ. ಸೂಜಿ ಮುರೀತದ."

"ಸೂಜಿ ನನ್ನ ಕಡೆ ಅದ. ನಿಮ್ಮದು ಅಡ್ಡಿ ಇಲ್ಲಂದ್ರ ನಾನೇ ಹೊಲಕೋತೀನಿ."

ಅವಳು ಎದ್ದು ಜಾಗ ಕೊಟ್ಟಳು. ಕುತೂಹಲಕ್ಕೇ ಕೊಟ್ಟಳು. ಅವನು ಸ್ಟೂಲಿನ ಮೇಲೆ ಕುಳಿತ ರೀತಿಯಲ್ಲೇ ಗೊತ್ತಾಯಿತು, ಮಷೀನು ಇವನಿಗೆ ಹೊಸದಲ್ಲ. ಪೆಡಲ್ ಮೇಲೆ ಪಾದ ಹಗುರವಾಗಿತ್ತು. ಬೆಲ್ಟಿನ ಮೇಲೆ ಒಂದು ಚೌಕ ಹೊಲಿದ, ಒಳಗೊಂದು ಕತ್ತರಿ ಗುರುತು. ದಾರ ಎಲ್ಲೂ ತಪ್ಪಲಿಲ್ಲ. ಕಿವಿಯ ಹಿಂದೆ ಕೂದಲು ನರೆತಿತ್ತು. ನಲವತ್ತು ದಾಟಿರಬೇಕು. ತಾನು ಇಷ್ಟು ಹೊತ್ತು ಒಬ್ಬ ಗಂಡಸಿನ ಬೆರಳುಗಳನ್ನೇ ನೋಡುತ್ತ ನಿಂತಿದ್ದೇನೆಂದು ಹೊಳೆದಾಗ, ಮೂವತ್ತೇಳರ ಸುಗಂಧಾ ಸುಮ್ಮನೆ ಟೇಪನ್ನು ಕೊರಳಿಂದ ತೆಗೆದು ಮತ್ತೆ ಕೊರಳಿಗೇ ಹಾಕಿಕೊಂಡಳು.

"ಎಲ್ಲಿ ಕಲ್ತೀರಿ?"

"ಫೌಜಿನ್ಯಾಗ. ಹತ್ತೊಂಬತ್ತು ವರ್ಷ ಛತ್ರಿ ಹೊಲದೀನಿ."

"ಮಳಿ ಛತ್ರಿ?"

"ಪ್ಯಾರಾಶೂಟ್ ರಿ."

ಸುಗಂಧಾಳ ಮುಖದ ಮೇಲಿದ್ದ ನಗು ಅಲ್ಲೇ ನಿಂತಿತು. "ಓಂಪ್ರಕಾಶ ಸೇಠರ ಸೆಂಟರಿಗೆ ಬಂದವರು ನೀವೇ ಏನು?"

"ಹೌದ್ರಿ. ಸುಮೇಧ ಅಂತ. ಇಲ್ಲೇ ಕೊಹಿನೂರ ಊರವ."

"ನಾ ಸುಗಂಧಾ."

ಈಗ ಮುಖ ಇಳಿಯುವ ಸರದಿ ಅವನದಾಯಿತು. "ಅರ್ಜಿ ಕೊಟ್ಟವರು?"

"ಹನ್ನೊಂದು ಅರ್ಜಿ."

ಅವನು ಎದ್ದುನಿಂತು, ಚೀಲ ಹೆಗಲಿಗೇರಿಸಿ, ಸ್ವಲ್ಪ ತಡೆದು "ಜೈ ಭೀಮ್ ರಿ" ಎಂದ. ಸಿಟ್ಟು ಬಂದಿದ್ದರೂ ಆ ಮಾತಿಗೆ ಉತ್ತರ ಕೊಡದಿರಲು ಅವಳಿಗೆ ಬರುತ್ತಿರಲಿಲ್ಲ. "ಜೈ ಭೀಮ್" ಎಂದಳು, ಗೋಡೆಯ ಕಡೆ ನೋಡುತ್ತ.

ಜಗಳ ಶುರುವಾಗಿ ಆಗಲೇ ಆರು ತಿಂಗಳಾಗಿತ್ತು. ಹುಮನಾಬಾದಿನ ಕಾಳುಕಡಿ ವ್ಯಾಪಾರಿ ಓಂಪ್ರಕಾಶ ಸೇಠರಿಗೆ ಊರಾಚೆಯ ಕೆಂಪುಕಲ್ಲಿನ ಮರಡಿಯ ಮೇಲೆ ನಲವತ್ತು ಎಕರೆ ಇತ್ತು. ಹೈದರಾಬಾದಿನ ಕಂಪನಿಯೊಂದು ಅಲ್ಲಿ ಸ್ಕೈಡೈವಿಂಗ್ ಸೆಂಟರ್ ಮಾಡುತ್ತೇನೆಂದು ಬಂತು. ಸಣ್ಣ ವಿಮಾನ, ಅದರಿಂದ ಜಿಗಿಯುವ ಪಟ್ಟಣದ ಜನ, ಅವರಿಗೊಂದು ಹೋಟೆಲು. ಊರವರು ಅದಕ್ಕೆ ಛತ್ರಿ ಸೆಂಟರ್ ಎಂದು ಹೆಸರಿಟ್ಟರು. ಸೇಠರ ಹೊಲದ ಪೂರ್ವಕ್ಕೆ ಗಾಯರಾಣವಿತ್ತು, ಊರ ದನ ಮೇಕೆಗಳು ಮೇಯುವ ಸರ್ಕಾರಿ ಹುಲ್ಲುನೆಲ, ಹದಿನೆಂಟು ಎಕರೆ. ಇಳಿಯಲಿಕ್ಕೆ ಜಾಗ ಸಾಲದು, ಅದನ್ನೂ ಲೀಸಿಗೆ ಕೊಡಿ ಎಂದು ಕಂಪನಿ ಕೇಳಿತ್ತು.

ಅಂಗೈಯಗಲದ ಹೊಲವೂ ಇಲ್ಲದ ಅರವತ್ತು ಮನೆಗಳ ಮೇಕೆಗಳು ಆ ಹುಲ್ಲಿನ ಮೇಲೆ ಬದುಕಿದ್ದವು. ಅದರ ಮೂಲೆಯಲ್ಲಿ ಅವರ ಹಿರಿಯರನ್ನು ಮಣ್ಣು ಮಾಡಿದ ಜಾಗವಿತ್ತು. ಓದು ಬರಹ ಬಲ್ಲವಳೆಂದು ಮೊದಲ ಅರ್ಜಿ ಬರೆಸಲು ಕೇಶರಬಾಯಿ ಸುಗಂಧಾಳ ಅಂಗಡಿಗೆ ಬಂದಿದ್ದಳು. ಆ ಮುದುಕಿಗಿದ್ದದ್ದು ಏಳು ಮೇಕೆ. ಬರೆದವಳ ಹೆಸರೇ ಮುಂದೆ ಹೋರಾಟದ ಹೆಸರಾಯಿತು.

ಊರು ಎರಡಾಯಿತು. ವಿಮಾನದ ಸದ್ದಿಗೆ ಎಮ್ಮೆ ಹಾಲು ಬಿಡುವುದಿಲ್ಲ ಎಂದು ಮಹಾರುದ್ರಪ್ಪ ಗೌಡರು ಇವರ ಕಡೆ ಸೇರಿದರು. "ಆ ಮರಡಿಯಾಗ ಇಷ್ಟು ದಿನ ಏನಿತ್ರಿ? ಹಲ್ಲಿ!" ಎಂದು ಹುಡುಗರೆಲ್ಲ ಆ ಕಡೆ ಹೋದರು. ಆ ಹುಡುಗರಲ್ಲಿ ಅವಳ ಸ್ವಂತ ತಮ್ಮ ಉತ್ತಮನೂ ಇದ್ದ. ಅವನಿಗೆ ಡ್ರೈವರ್ ಕೆಲಸ ಕೊಡುತ್ತೇವೆಂದಿದ್ದರು. ಜನವರಿಯಿಂದ ಅವನು ಅಕ್ಕನ ಜೊತೆ ಮಾತು ಬಿಟ್ಟಿದ್ದ. ಒಂದೇ ಮನೆ, ಒಂದೇ ಒಲೆ. ಅವಳು ರೊಟ್ಟಿ ಮಾಡಿಟ್ಟು ಹೊರಗೆ ಬಂದ ಮೇಲೆ ಅವನು ಒಳಗೆ ಹೋಗಿ ಉಣ್ಣುತ್ತಿದ್ದ.

ಗೆಲ್ಲಬೇಕೆಂಬ ಆಸೆ ಸುಗಂಧಾಳಲ್ಲಿ ಎಂದೋ ಸವೆದಿತ್ತು. ಒಮ್ಮೆ ಮುಗಿದರೆ ಸಾಕಿತ್ತು.

ಬಸವಕಲ್ಯಾಣದ ಎಸಿ ಸಾಹೇಬರ ಕಚೇರಿಯಲ್ಲಿ ವಿಚಾರಣೆಗೆ ತಾರೀಖಿನ ಮೇಲೆ ತಾರೀಖು ಬೀಳುತ್ತಿತ್ತು. ವರಾಂಡದಲ್ಲಿ ಒಂದೇ ಬೆಂಚು. ಅವಳು ಒಂದು ತುದಿಗೆ ಕೂತರೆ, ಕಂಪನಿಯ ಕಡೆಯಿಂದ ಬಂದ ಸುಮೇಧ ದೂರದ ಕಂಬಕ್ಕೆ ಒರಗಿ ನಿಲ್ಲುತ್ತಿದ್ದ. ಎಡಮೊಣಕಾಲನ್ನು ಆಗಾಗ ಮಡಚಿ ಬಿಡಿಸುತ್ತಿದ್ದ. ಮೂರನೆಯ ತಾರೀಖಿನ ದಿನ ಅವನು ಬೆಂಚಿನ ಹತ್ತಿರ ಬಂದ.

"ಕೂಡಾಕ ಪರ್ಮಿಶನ್ ಬೇಕೇನ್ರಿ?"

"ಅರ್ಜಿ ಕೊಡ್ರಿ."

ಅವನು ಗಂಭೀರವಾಗಿ ಜೇಬಿನಿಂದ ಬಸ್ ಟಿಕೆಟ್ ತೆಗೆದು, ಹಿಂಬದಿಗೆ ಏನೋ ಗೀಚಿ, ಎರಡೂ ಕೈಯಿಂದ ಕೊಟ್ಟ. 'ಮಾನ್ಯರೇ, ಅರ್ಜಿದಾರನ ಮೊಣಕಾಲು ಕೆಟ್ಟಿದ್ದು, ಬೆಂಚಿನ ಇನ್ನೊಂದು ತುದಿ ಮಂಜೂರು ಮಾಡಬೇಕು.'

ಸುಗಂಧಾ ತುಟಿ ಕಚ್ಚಿ ನಗು ತಡೆದಳು. "ವಿಚಾರ ಮಾಡಿ ತಿಳಸ್ತೀವಿ," ಎಂದು ತನ್ನ ಬ್ಯಾಗನ್ನು ಮಡಿಲಿಗೆ ತೆಗೆದುಕೊಂಡಳು. ಅವನು ಕೂತ. ನಡುವೆ ಇಬ್ಬರು ಕೂರುವಷ್ಟು ಜಾಗ ಉಳಿದಿತ್ತು.

"ನೀವೂ ಮ್ಯಾಲಿಂದ ಜಿಗೀತೀರೇನು?" ಅವಳೇ ಕೇಳಿದಳು.

"ಬಿಟ್ಟು ಆರು ವರ್ಷ ಆತ್ರಿ. ಈಗ ಬರೇ ಮಡಚ್ತೀನಿ. ಬ್ಯಾರೆಯವರ ಜೀವ ಮಡಚಿ ಚೀಲದಾಗ ಇಡ್ತೀನಿ."

"ಇಲ್ಲಿಗ್ಯಾಕ ಬಂದ್ರಿ? ಬ್ಯಾರೆ ಊರು ಇರಲಿಲ್ಲೇನು?"

"ಒಂಬತ್ತು ಊರು ನೋಡೀನಿ. ಎಲ್ಲಾ ಕಡೆ ಬಾಡಿಗಿ ಖೋಲಿ. ಇಲ್ಲಾದ್ರ ಜ್ವಾರಿ ರೊಟ್ಟಿ ಸಿಗ್ತದ, ನಮ್ಮ ಮಾತು ಕಿವಿಗೆ ಬೀಳ್ತದ." ಅವನು ಅವಳ ಕಡೆ ತಿರುಗಿದ. ಆ ನೋಟದಲ್ಲಿ ಕೇಸೂ ಇರಲಿಲ್ಲ, ಕಂಪನಿಯೂ ಇರಲಿಲ್ಲ. "ನೀವು ಭಾಳ ದಣದೀರಿ."

ಅಷ್ಟು ತಿಂಗಳಲ್ಲಿ ಜನ ಅವಳನ್ನು ಹುಲಿ ಅಂದಿದ್ದರು, ಊರು ಹಾಳು ಮಾಡಿದವಳು ಅಂದಿದ್ದರು. ದಣಿದಿದ್ದೀ ಎಂದು ಯಾರೂ ಅಂದಿರಲಿಲ್ಲ. ಅವಳು ಕಣ್ಣು ಹೊರಳಿಸಿ, ಜವಾನ ತನ್ನ ಹೆಸರು ಕೂಗುವುದನ್ನೇ ಕಾದಳು.

ಮೇ ಕೊನೆಗೆ ಒಂದು ಬೆಳಿಗ್ಗೆ ಅವನು ಗಾಯರಾಣದಲ್ಲೇ ಸಿಕ್ಕ. ಉದ್ದ ಕೋಲಿಗೆ ಬಟ್ಟೆಯ ಪಟ್ಟಿ ಕಟ್ಟಿ, ಗಾಳಿಗೆ ಅದು ಯಾವ ಕಡೆ ಎಷ್ಟು ಎಳೆಯುತ್ತದೆಂದು ಬರೆದುಕೊಳ್ಳುತ್ತಿದ್ದ. ಕೇಶರಬಾಯಿ ಅವನಿಗೆ ಬೈಯುತ್ತಲೇ ತನ್ನ ತಂಬಿಗೆಯಿಂದ ನೀರು ಕೊಟ್ಟಿದ್ದಳು. ಸುಗಂಧಾ ದುಡುದುಡು ನಡೆದು ಬಂದಳು. "ಇಲ್ಲಿ ಕಾಲಿಡಬ್ಯಾಡ್ರಿ ಅಂತ ಹೇಳೀವಲ್ಲ?"

"ನೋಡಾಕ ಬಂದೀನ್ರಿ, ಅಷ್ಟೇ." ಅವನು ದೂರದ ಬೇವಿನ ಗಿಡದ ಬುಡ ತೋರಿಸಿದ. "ಆ ಮೂಲ್ಯಾಗ ಏನದ?"

"ನಮ್ಮಪ್ಪ ಅದಾನ."

ಸುಮೇಧ ಬಗ್ಗಿ, ಕೆಟ್ಟ ಮೊಣಕಾಲನ್ನು ಕಷ್ಟದಿಂದ ಮಡಚಿ, ಬೂಟು ಬಿಚ್ಚಿ ಕೈಯಲ್ಲಿ ಹಿಡಿದ. ಕಾದ ಕಲ್ಲಿನ ಮೇಲೆ ಬರಿಗಾಲಲ್ಲಿ ಗಾಯರಾಣ ದಾಟಿ ರಸ್ತೆಗೆ ಹೋದ. ಸುಗಂಧಾ ಅವನ ಬೆನ್ನು ಮರೆಯಾಗುವವರೆಗೂ ನಿಂತಿದ್ದಳು.

"ಏನ್ ನೋಡಾಕತ್ತೀ ಬೇ?" ಎಂದಳು ಕೇಶರಬಾಯಿ.

"ಮೇಕಿ."

"ಮೇಕಿ ಈ ಕಡೆ ಅವ."

ಜೂನ್ ಎರಡನೆಯ ವಾರ ಸಾಹೇಬರೇ ಸ್ಥಳ ನೋಡಲು ಬಂದರು. ಬೇವಿನ ನೆರಳಲ್ಲಿ ಕುರ್ಚಿ ಹಾಕಿದ್ದರು. ಎರಡೂ ಕಡೆಯ ಜನ, ನಡುವೆ ಪೊಲೀಸರು. ಕಂಪನಿಯ ಮ್ಯಾನೇಜರ್ ಹೊಸ ಮಾತು ತೆಗೆದ. "ಗಾಯರಾಣ ಬೇಡ ಸರ್. ಕೈಬಿಟ್ಟಿದ್ದೇವೆ. ನಮ್ಮ ಜನ ಸೇಠರ ಹೊಲದಲ್ಲೇ ಇಳಿಯುತ್ತಾರೆ. ಬೇಕಾದರೆ ನಮ್ಮ ಪ್ಯಾರಾಶೂಟ್ ಇನ್‌ಚಾರ್ಜ್ ಅವರನ್ನು ಕೇಳಿ."

ಸುಗಂಧಾಗೆ ಆ ಮಾತಿನ ಮರ್ಮ ತಿಳಿಯಿತು. ಗಾಯರಾಣವೇ ಬೇಡ ಎಂದ ಮೇಲೆ ತಕರಾರೇನು? ಈಗ ಪರವಾನಗಿ ಸಿಗುತ್ತದೆ. ಆಮೇಲೆ ಒಬ್ಬ ಗಾಯರಾಣದಲ್ಲಿ ಬೀಳುತ್ತಾನೆ, ಇಬ್ಬರು ಬೀಳುತ್ತಾರೆ, ಅಪಾಯ ಎಂದು ಬೇಲಿ ಬರುತ್ತದೆ.

ಸುಮೇಧ ಮುಂದೆ ಬಂದ. ಸೇಠರ ಕಡೆ ನೋಡಿದ, ತನ್ನನ್ನು ನಂಬಿ ನಿಂತ ಹುಡುಗರ ಕಡೆ ನೋಡಿದ. ಅವಳ ಕಡೆ ನೋಡಲಿಲ್ಲ.

"ಮೇ ತಿಂಗಳಿಂದ ಸಪ್ಟೆಂಬರ್ ತನಕ ಇಲ್ಲಿ ಗಾಳಿ ಪಶ್ಚಿಮದಿಂದ ಜೋರ್ ಬೀಸ್ತದ್ರಿ ಸಾಹೇಬ್ರ. ಕಲತವರು ಹೆಂಗರ ಹೊಲದಾಗ ಇಳೀತಾರ. ಹೊಸಬರು ಗಾಯರಾಣಕ್ಕೇ ಬರ್ತಾರ. ಜಿಗಿಯೋ ದಿನ ಇಲ್ಲಿ ಮೇಕಿ ಬಿಡಾಕ ಆಗಂಗಿಲ್ಲ. ಉಳದದ್ದ್ರಾಗೂ ಭರೋಸೆ ಇರೋದು ನವೆಂಬರದಿಂದ ನಾಕು ತಿಂಗಳು. ಆವಾಗ ಗಾಳಿ ತಿರಗ್ತದ."

ಮ್ಯಾನೇಜರ್ ಹಲ್ಲು ಕಚ್ಚಿ ಇಂಗ್ಲಿಷಿನಲ್ಲಿ ಏನೋ ಅಂದ. ಸುಮೇಧ ಕನ್ನಡದಲ್ಲೇ ಉತ್ತರ ಕೊಟ್ಟ. "ನಾ ಸುಳ್ಳು ಹೇಳಬಹುದ್ರಿ. ಗಾಳಿ ಹೇಳಂಗಿಲ್ಲ."

ವರ್ಷಕ್ಕೆ ನಾಲ್ಕೇ ತಿಂಗಳು, ಗಾಯರಾಣ ಮುಟ್ಟುವ ಹಾಗಿಲ್ಲ ಎಂದು ಹತ್ತು ದಿನಕ್ಕೆ ಆದೇಶ ಬಂತು. ಮತ್ತೊಂದು ವಾರಕ್ಕೆ ಕಂಪನಿ ತನ್ನ ಬೋರ್ಡು ಕಿತ್ತುಕೊಂಡು ಬೇರೆ ಜಿಲ್ಲೆಗೆ ಹೋಯಿತು.

ಹೆಂಗಸರು ಸಕ್ಕರೆ ಹಂಚಿದರು. ಸುಗಂಧಾ ಬಾಯಿಗೆ ಹಾಕಿಕೊಂಡಳು, ಸಿಹಿ ಹತ್ತಲಿಲ್ಲ. ಸಂಜೆ ಅಂಗಡಿ ಮುಂದೆ ಹಾದುಹೋದ ಹುಡುಗರು ಅವಳನ್ನು ನೋಡಿ ಉಗುಳಿದರು. ಆರು ತಿಂಗಳ ನಂತರ ಉತ್ತಮ ಮೊದಲ ಸಲ ಬಾಯಿಬಿಟ್ಟ. "ಗೆದ್ದಿ ನೋಡಕ್ಕಾ. ಇನ್ನ ನಾನೂ ಮೇಕಿ ಕಾಯ್ತೀನಿ."

ಅವನು ಹೇಳಿದ್ದರಲ್ಲಿ ಸುಳ್ಳಿರಲಿಲ್ಲ.

ಸುಮೇಧನ ಸುದ್ದಿ ಇರಲಿಲ್ಲ. ಕೇಳಲಿಕ್ಕೆ ಅವಳಿಗೆ ಹಕ್ಕೂ ಇರಲಿಲ್ಲ. ಇಪ್ಪತ್ತೆರಡಕ್ಕೆ ಮನ್ನಾಏಖೇಳ್ಳಿಗೆ ಮದುವೆಯಾಗಿ ಹೋಗಿ, ನಾಲ್ಕು ವರ್ಷಕ್ಕೆ ಗಂಡ ಬೇಡವೆಂದು ಕಳಿಸಿದ ಮೇಲೆ, ಯಾರ ದಾರಿಯನ್ನೂ ಕಾಯುವುದಿಲ್ಲ ಎಂದು ಅವಳು ಗಟ್ಟಿ ಮಾಡಿಕೊಂಡಿದ್ದಳು. ಈಗ ರಸ್ತೆಯಲ್ಲಿ ಯಾರ ಬೂಟಿನ ಸದ್ದಾದರೂ ಪೆಡಲ್ ನಿಲ್ಲುತ್ತಿತ್ತು.

ಕೊನೆಗೆ ಹೇಳಿದವನು ಉತ್ತಮನೇ. ತಟ್ಟೆಯ ಮುಂದೆ ಕೂತು, ತಲೆ ಎತ್ತದೆ ಹೇಳಿದ. "ನಿನ್ನ ಫೌಜಿ ಹುಮನಾಬಾದದಾಗ ಅದಾನ. ಯುನೂಸ್ ಸೇಠನ ಟೆಂಟ್ ಹೌಸಿನ್ಯಾಗ ಶಾಮಿಯಾನ ಹೊಲಿಯಾಕತ್ತಾನ."

"ನನ್ನ ಫೌಜಿ?"

"ಊರಿಗೆಲ್ಲ ಗೊತ್ತದ. ನಿನಗೊಬ್ಬಾಕಿಗೇ ಗೊತ್ತಿಲ್ಲೇನು?" ತಮ್ಮ ಇನ್ನೊಂದು ರೊಟ್ಟಿಗೆ ಕೈ ಚಾಚಿದ. ಅವಳು ಹೊರಗೆ ಹೋಗುವುದನ್ನು ಅಂದು ಅವನು ಕಾದಿರಲಿಲ್ಲ.

ಟೆಂಟ್ ಹೌಸಿನ ಹಿಂದಿನ ಶೆಡ್ಡಿನಲ್ಲಿ ಹಳದಿ ಕೆಂಪು ಶಾಮಿಯಾನ ನೆಲದ ತುಂಬ ಹರಡಿತ್ತು. ನಡುವೆ ಸುಮೇಧ ಕೂತಿದ್ದ. ಅವಳನ್ನು ಕಂಡು ಏಳಲು ಹೋದ, ಮೊಣಕಾಲು ಕೇಳಲಿಲ್ಲ. "ಕೂಡ್ರಿ," ಎಂದು ಅವಳೇ ಬಟ್ಟೆಯ ಅಂಚಿನ ಮೇಲೆ ಕೂತಳು.

"ಹಂಗ್ಯಾಕ ಹೇಳಿದ್ರಿ ಅವತ್ತು? ನನ್ನ ಸಲುವಾಗೇನು?"

"ಇಲ್ರಿ."

ಅವಳಿಗೆ ಚುರ್ರೆಂದಿತು. ಆದರೆ ಅವನ ಮಾತು ಮುಗಿದಿರಲಿಲ್ಲ.

"ನಿಮ್ಮ ಸಲುವಾಗಿ ಆಗಿದ್ರ ಸುಳ್ಳು ಹೇಳ್ತಿದ್ದೆ. ಸುಳ್ಳು ಹೇಳಿದ್ರ ಕೆಲಸ ಇರ್ತಿತ್ತು. ನಿಮ್ಮೂರಾಗೇ ಇರ್ತಿದ್ದೆ. ದಿನಾ ನಿಮ್ಮನ್ನ ನೋಡ್ತಿದ್ದೆ." ಅವನು ಕತ್ತರಿ ಕೆಳಗಿಟ್ಟ. "ಭಾಳ ವಿಚಾರ ಮಾಡೀನ್ರಿ ಆ ಸುಳ್ಳಿನ ಬಗ್ಗೆ. ರಾತ್ರೆಲ್ಲ ಮಾಡೀನಿ."

ಹೊರಗೆ ಯಾರೋ ಟೆಂಪೋಕ್ಕೆ ಕುರ್ಚಿ ಏರಿಸುತ್ತಿದ್ದರು.

"ಉತ್ತರದ ಕಡೆ ಒಂದು ಸೆಂಟರಿನವರು ಕರದಾರ," ಎಂದ ಅವನು. "ಸೋಮವಾರದೊಳಗ ಹೇಳಬೇಕು."

ಸುಗಂಧಾ ತನ್ನ ಕೈ ನೋಡಿಕೊಂಡಳು. ಬೆರಳ ತುದಿಯಲ್ಲಿ ಸೂಜಿ ಚುಚ್ಚಿದ ಹಳೆಯ ಗುರುತುಗಳು. "ಒಂಬತ್ತು ತಿಂಗಳಿಂದ ಬರೇ ಬ್ಯಾಡ, ಬ್ಯಾಡ ಅನ್ನೋದೇ ನನ್ನ ಕೆಲಸ ಆಗ್ಯಾದ. ಸಾಕಾಗ್ಯಾದ ಆ ಮಾತು." ಅವಳು ತಲೆ ಎತ್ತಿದಳು. "ಇನ್ನ ಒಂದೇ ಸಲ ಅಂತೀನಿ. ಹೋಗಬ್ಯಾಡ್ರಿ."

ಸುಮೇಧ ಅವಳನ್ನೇ ನೋಡಿದ. ಅವನ ಕಣ್ಣಂಚು ಮೊದಲು ನಕ್ಕಿತು, ತುಟಿ ಆಮೇಲೆ. "ನಾನೂ ದಣದೀನಿ ಸುಗಂಧಾ. ಖುಷಿ ಪಡಾಕ ಸುದ್ದಾ ತಾಕತ್ತಿಲ್ಲ."

"ನನ್ನ ಕಡೆನೂ ಇಲ್ಲ."

"ಹಂಗಾದ್ರ ಸರಿ ಹೋಗ್ತದ."

ಉತ್ತಮನ ಜೊತೆ ಮಾತಾಡಬೇಕೆಂದು ಅವನು ಅಂದೇ ಅವಳ ಜೊತೆ ಹೊರಟ. ಬಸವಕಲ್ಯಾಣದಲ್ಲಿ ಬಸ್ಸು ಬದಲಿಸಬೇಕಿತ್ತು; ಅಲ್ಲಿಯವರೆಗಿನ ಬಸ್ಸಿನಲ್ಲಿ ಸೀಟು ಸಿಕ್ಕಿತು. ಮನೆಯಲ್ಲಿ ಏನು ಹೇಳಬೇಕು, ಹೇಗೆ ಹೇಳಬೇಕು ಎಂದು ದಾರಿಯುದ್ದಕ್ಕೂ ಮಾತಾಡಬೇಕೆಂದುಕೊಂಡಿದ್ದಳು. ಹುಮನಾಬಾದ ದಾಟುವಷ್ಟರಲ್ಲಿ ಕಣ್ಣು ಎಳೆಯತೊಡಗಿದವು. ತಲೆ ಒಮ್ಮೆ ಕಿಟಕಿಗೆ ತಾಗಿತು. ಇನ್ನೊಮ್ಮೆ ವಾಲಿದಾಗ ಅವನ ಹೆಗಲಿತ್ತು. ಸರಿಸಿಕೊಳ್ಳಲು ಅವಳಿಗೆ ಮನಸ್ಸಾಗಲಿಲ್ಲ.

ಬಸ್ಸು ನಿಂತ ಮೇಲೆ ಎಲ್ಲೋ ದೂರದಿಂದೆಂಬಂತೆ ಕಂಡಕ್ಟರನ ದನಿ ಕೇಳಿಸಿತು. "ಬಸವಕಲ್ಯಾಣ ಬಂತ್ರಿ. ಎಲ್ಲಾರೂ ಇಳದ್ರು. ಎಬ್ಬಸ್ರಿ ಅವರಿಗೆ."

"ಹತ್ತು ನಿಮಿಷ ಬಿಡ್ರಲ್ಲ," ಎಂದು ಸುಮೇಧ ಪಿಸುಗುಟ್ಟಿದ. "ಭಾಳ ದಿನ ಆತು ಮಕ್ಕೊಂಡು."

"ಯಾರ್ರಿ ಇವ್ರು?"

ಅವನು ತುಸು ತಡೆದ. "ನಮ್ಮ ಮನಿಯವ್ರು."

ಕಂಡಕ್ಟರ್ ಚಹಾ ಕುಡಿದು ಬರುತ್ತೇನೆಂದು ಇಳಿದು ಹೋದ. ಸುಗಂಧಾಗೆ ಎಚ್ಚರವಾಗಿತ್ತು. ಅವಳು ಕಣ್ಣು ತೆರೆಯಲಿಲ್ಲ.