ಇಳಿಜಾರಿನಲ್ಲೂ ಅದುರುತ್ತಿದ್ದ ಬೈಕು

ಸೇತುವೆ ಇಳಿದು ತಿರುಗುವಲ್ಲಿ ಬೈಕು ಮಗ್ಗುಲಾಗಿ ಬಿದ್ದಿತ್ತು. ಚೈನು ಕಳಚಿ ಹಿಂದಿನ ಚಕ್ರಕ್ಕೆ ಸಿಕ್ಕಿಕೊಂಡಿತ್ತು. ರಸ್ತೆಯ ಮೇಲೆ ಟಯರು ಉಜ್ಜಿದ ಕಪ್ಪು ಗೆರೆ. ಗೆರೆಯ ಕೊನೆಗೆ ಒಂದು ಚಪ್ಪಲಿ.

ಸಬ್‌ಇನ್‌ಸ್ಪೆಕ್ಟರ್ ಮೊದಲು ಗುರುತಿಸಿದ್ದು ಚಪ್ಪಲಿಯನ್ನು. ಅದು ಅವಳ ಗಂಡನದು. ಬೈಕು ಅವಳ ಮಾವನದು.

ಗಂಡನನ್ನು ಆಗಲೇ ಆಸ್ಪತ್ರೆಗೆ ಸೇರಿಸಿದ್ದರು. ಹೆಗಲ ಮೂಳೆ ಮುರಿದಿತ್ತು, ಜೀವಕ್ಕೆ ಅಪಾಯವಿರಲಿಲ್ಲ. ಆ ಸುದ್ದಿ ಕೇಳಿದ ಮೇಲೆಯೇ ಅವಳು ಬಗ್ಗಿ ಬೈಕಿನ ಹೊಟ್ಟೆಯ ಕೆಳಗೆ ನೋಡಿದಳು. ಹಳೆಯ ಕಾಲದ ಗಾಡಿ. ಎಂಜಿನ್ ಬೇರೆ, ಗೇರ್‌ಬಾಕ್ಸ್ ಬೇರೆ. ಗೇರ್‌ಬಾಕ್ಸನ್ನು ಚಾಸಿಗೆ ಬಿಗಿದಿಡಲು ಕೆಳಗೆ ಎರಡು ನಟ್ಟು. ಒಂದು ಇರಲೇ ಇಲ್ಲ. ಇನ್ನೊಂದು ಕೊನೆಯ ಸುತ್ತಿನಲ್ಲಿ ನೇತಾಡುತ್ತಿತ್ತು. ಗೇರ್‌ಬಾಕ್ಸ್ ಜರುಗಿದೆ, ಚೈನು ಸಡಿಲವಾಗಿ ಹಾರಿದೆ, ಚಕ್ರ ಕಚ್ಚಿಕೊಂಡಿದೆ.

"ಇದು ತಾನಾಗೇ ಬಿಚ್ಚಿಕೊಂಡಿದ್ದಲ್ಲ. ಯಾರೋ ಬಿಚ್ಚಿದ್ದಾರೆ" ಎಂದಳು ಜೊತೆಗಿದ್ದ ಪೇದೆಗೆ.

ಬೈಕು ಹಿಂದಿನ ದಿನವಷ್ಟೇ ಮೂಲೆಯ ವರ್ಕ್‌ಶಾಪಿನಿಂದ ಮನೆಗೆ ಬಂದಿತ್ತು. ಅದು ಅದುರುತ್ತದೆ ಎಂಬುದು ಮಾವನ ದೂರು. ಏನೂ ಇಲ್ಲ ಎಂಬುದು ಮೆಕ್ಯಾನಿಕ್ಕಿನ ವಾದ. ಇಬ್ಬರಿಗೂ ಅಲ್ಲಿ ಮಾತಿಗೆ ಮಾತು ಬೆಳೆದದ್ದನ್ನು ಬೀದಿಯವರು ಕೇಳಿದ್ದರು. ಅವಳಿಗೆ ಅಷ್ಟು ಸಾಕಾಯಿತು.

ಜೀಪನ್ನು ವರ್ಕ್‌ಶಾಪಿನ ಬಾಗಿಲಿಗೇ ನಿಲ್ಲಿಸಿದಳು. ಗಿರಾಕಿಗಳ ಎದುರೇ ಮೆಕ್ಯಾನಿಕ್ಕನ್ನು ಹತ್ತಿಸಿಕೊಂಡಳು. ಗ್ರೀಸು ಒರೆಸಿಕೊಳ್ಳುತ್ತೇನೆ ಎಂದರೂ ಬಿಡಲಿಲ್ಲ. ಸಂಜೆಯವರೆಗೆ ಸ್ಟೇಷನ್ನಿನ ಬೆಂಚಿನ ಮೇಲೆ ಕೂರಿಸಿದಳು. ಏನೋ ಹೇಳಲು ಹೊರಟರೂ ಕೇಳಿಸಿಕೊಳ್ಳಲಿಲ್ಲ. ಹೇಳಿಕೆ ಕೊಡಲು ಬಂದ ಮಾವ ಅಲ್ಲೇ ಗೋಡೆಗೆ ಒರಗಿ ನಿಂತಿದ್ದರು. ಅವರ ಎದುರೇ ಅವಳು ಮೆಕ್ಯಾನಿಕ್ಕಿಗೆ ಒಂದು ಮಾತು ಅಂದಳು.

"ಕೈಕೆಲಸದಿಂದ ಅನ್ನ ತಿನ್ನೋರಿಗೆ ಕೈ ಶುದ್ಧ ಇರ್ಬೇಕು."

* * *

ಸಾಕ್ಷಿ ಸಿಗಲಿಲ್ಲ. ಮೆಕ್ಯಾನಿಕ್ಕನ್ನು ಬಿಟ್ಟು ಕಳಿಸಿದ್ದಾಯಿತು. ಮನೆಯ ಕೇಸಿಗೆ ಜೀಪು ಓಡಿಸಿದ್ದು ಸರಿಯಲ್ಲ ಎಂದು ಮೇಲಧಿಕಾರಿ ಮೆಲ್ಲಗೇ ಗದರಿದರು. ಆದರೆ ಬೀದಿ ಅವನನ್ನು ಬಿಡಲಿಲ್ಲ. ನಟ್ಟು ಬಿಚ್ಚುವವನ ಕೈಗೆ ಗಾಡಿ ಕೊಡುವವರು ಯಾರು? ದಿನಾ ಅವನ ಅಂಗಡಿಯ ಮುಂದೆ ಹಾದುಹೋಗುವಾಗ ಅವಳು ಆಚೆ ಬದಿಯ ಗೋಡೆಯನ್ನು ನೋಡುತ್ತಿದ್ದಳು.

ಮಾವನದು ಸಲೂನು. ಎದುರಿಗೇ ಈಚೆಗೆ ಇನ್ನೊಂದು ಸಲೂನು ತೆರೆದಿತ್ತು, ಕನ್ನಡಿಯ ಸುತ್ತಲೂ ದೀಪವಿರುವಂಥದ್ದು. ಅದರ ಯಜಮಾನನ ಮೇಲೆ ಅವಳ ಅನುಮಾನ ಹೊರಳಿತು. ವಿಚಾರಿಸಿದಳು. ಆ ವಾರವಿಡೀ ಅವನು ಬೇರೆ ಊರಿನ ಆಸ್ಪತ್ರೆಯಲ್ಲಿ ತಾಯಿಯ ಮಂಚದ ಪಕ್ಕ ಇದ್ದನಂತೆ. ನರ್ಸುಗಳೇ ಹೇಳಿದರು. ಆ ದಾರಿಯೂ ಮುಚ್ಚಿತು.

ಮನೆಯಲ್ಲಿ ಗಂಡ ಬಲಗೈಗೆ ಪಟ್ಟಿ ಕಟ್ಟಿಸಿಕೊಂಡು ಕೂತಿದ್ದ. ಗಡ್ಡ ಪೊದೆಯಾಗಿತ್ತು.

"ಸಲೂನ್ ಯಜಮಾನರ ಮಗ ಅಂದ್ರೆ ಯಾರೂ ನಂಬಲ್ಲ. ಇನ್ನೆರಡು ದಿನ ಹೋದ್ರೆ ನಿನ್ನ ಸ್ಟೇಷನ್ನಲ್ಲೇ ನನ್ನ ಫೋಟೋ ಅಂಟಿಸ್ತೀಯ" ಎಂದು ಅವಳನ್ನು ಕೆಣಕಿದ.

"ಗಾಯ ವಾಸಿಯಾಗಲಿ, ನೋಡೋಣ" ಎಂದರು ಮಾವ ಅಡುಗೆಮನೆಯಿಂದಲೇ.

ಅವಳು ನಕ್ಕು ಡ್ಯೂಟಿಗೆ ಹೊರಟಳು. ಗಾಯ ಆಗಿರುವುದು ಹೆಗಲಿಗೆ, ಗಲ್ಲಕ್ಕಲ್ಲ ಎಂಬುದು ಹೊಳೆದದ್ದು ಜೀಪಿನಲ್ಲಿ ಕೂತ ಮೇಲೆ. ಮೀಸೆ ಚಿಗುರಿದ ದಿನದಿಂದ ಗಂಡನ ಮುಖಕ್ಕೆ ಅಪ್ಪನದಲ್ಲದೆ ಬೇರೆ ಕತ್ತಿ ಸೋಕಿರಲಿಲ್ಲ. ಹಾಗಿರುವಾಗ ಅಪ್ಪನಿಗೆ ಈಗೇನಾಯಿತು?

* * *

ಸ್ಟೇಷನ್ನಿನ ಹಿತ್ತಲಲ್ಲಿ ಬೈಕು ಧೂಳು ತಿನ್ನುತ್ತಿತ್ತು. ಅವಳು ಟಾರ್ಚು ಹಿಡಿದು ಮತ್ತೊಮ್ಮೆ ಬಗ್ಗಿದಳು. ಈ ಸಲ ನಟ್ಟಿಗಿಂತ ಅದರ ಸುತ್ತಲನ್ನು ನೋಡಿದಳು. ನಟ್ಟಿನ ಮೂಲೆಗಳು ಸವೆದು ದುಂಡಗಾಗಿದ್ದವು. ಸುತ್ತ ಲೋಹದ ಮೇಲೆ ಹೊಸ ಗೀರುಗಳು, ಕೋಳಿ ಕೆದರಿದ ಹಾಗೆ. ನಟ್ಟು ತಿರುಗಿಸುವ ಪಾನ ಜಾರಿದೆ, ಮತ್ತೆ ಹಿಡಿದಿದ್ದಾರೆ, ಮತ್ತೆ ಜಾರಿದೆ. ಅವಸರದವನಾದರೆ ಒಂದೆರಡು ಸಲ ಜಾರಿಸಿಯಾನು. ಇದು ಒಂದೆರಡಲ್ಲ.

ಮೊದಲ ದಿನವೇ ಇದನ್ನು ನೋಡಬಹುದಿತ್ತು. ನೋಡಿರಲಿಲ್ಲ.

ಯೂನಿಫಾರ್ಮ್ ಬಿಚ್ಚಿಟ್ಟು, ಬೈಕನ್ನು ತಳ್ಳುಗಾಡಿಯಲ್ಲಿ ಹೇರಿಸಿಕೊಂಡು ವರ್ಕ್‌ಶಾಪಿಗೆ ಹೋದಳು. ಮೆಕ್ಯಾನಿಕ್ ಎದ್ದು ನಿಲ್ಲಲಿಲ್ಲ. ಗೋಡೆಯ ಮೇಲೆ ರಿಂಗ್ ಪಾನಗಳು ಅಳತೆಯ ಪ್ರಕಾರ ತೂಗುಬಿದ್ದಿದ್ದವು. ನಟ್ಟನ್ನು ಸುತ್ತಲೂ ಅಪ್ಪಿ ಹಿಡಿಯುವ ಪಾನಗಳು ಅವು, ಜಾರುವಂಥವಲ್ಲ. ಜಾರುವ ಪಾನ ಯಾವುದು ಎಂದು ಅವಳಿಗೆ ಗೊತ್ತಿತ್ತು. ಬಾಯಿ ಹಿಗ್ಗಿಸಿ ಕುಗ್ಗಿಸುವ ಒಂದು ಹಳೆಯ ಪಾನ ಅವಳ ಮನೆಯಲ್ಲೇ, ಗ್ಯಾಸ್ ಸಿಲಿಂಡರಿನ ಹಿಂದೆ ಇರುತ್ತಿತ್ತು.

ಬೈಕನ್ನು ಸರಿಮಾಡಿಕೊಡಲು ಕೇಳಿದಳು. ಅವನು ಹಳೆಯ ನಟ್ಟು ತೆಗೆದು ಅವಳ ಕೈಗಿಟ್ಟು ಹೊಸ ನಟ್ಟು ಹಾಕಿದ, ಚೈನು ಕೂರಿಸಿದ. ಅವಳೇ ಓಡಿಸಿ ನೋಡಿದಳು. ನಿಲ್ಲಿಸಿಕೊಂಡು ರೇಸ್ ಕೊಟ್ಟಳು. ಎಂಜಿನ್ ಕೆಟ್ಟಿದ್ದರೆ ಇಲ್ಲೇ ಅದುರಬೇಕು. ಅದುರಲಿಲ್ಲ. ಒಂದೊಂದೇ ಗೇರು ಬದಲಿಸುತ್ತಾ ಹೋದಳು. ಗೇರ್‌ಬಾಕ್ಸ್ ಕೆಟ್ಟಿದ್ದರೆ ಎಳೆಯುವಾಗ ಒಂದು ಥರ, ಕ್ಲಚ್ ಹಿಡಿದಾಗ ಇನ್ನೊಂದು ಥರ ಇರಬೇಕು. ಎರಡೂ ಒಂದೇ. ವೇಗ ಏರಿಸಿದಳು. ಚಕ್ರ ಸೊಟ್ಟಗಿಲ್ಲ. ಹಳೆಯ ಗಾಡಿಗೆ ಇರಬೇಕಾದ ಗುರುಗುರು ಬಿಟ್ಟರೆ ಏನೂ ಇಲ್ಲ.

ತಿರುಗಿ ಬಂದು, "ಅವತ್ತು ಸ್ಟೇಷನ್ನಲ್ಲಿ ಏನೋ ಹೇಳೋಕೆ ಹೊರಟಿದ್ರಿ. ನಾನು ಕೇಳಿಸಿಕೊಳ್ಳಲಿಲ್ಲ" ಎಂದಳು.

"ಈಗ ಕೇಳ್ತೀರಾ ಮೇಡಂ?"

"ಕೇಳ್ತೀನಿ."

ಅವನು ಕೈ ಒರೆಸುತ್ತಲೇ ಹೇಳಿದ. "ಯಾವಾಗ ಅದುರುತ್ತೆ ಅಂತ ಯಜಮಾನ್ರನ್ನ ಕೇಳ್ದೆ. ಯಾವಾಗ್ಲೂ ಅಂದ್ರು. ಎಂಜಿನ್ ಆಫ್ ಮಾಡಿ ಇಳಿಜಾರಲ್ಲಿ ಬಿಟ್ರೂ ಹ್ಯಾಂಡಲ್ ಅದುರುತ್ತೆ ಅಂದ್ರು. ಹಾಗಿರೋಕೆ ಸಾಧ್ಯವೇ ಇಲ್ಲ. ಕೊನೆಗೆ ತಮಾಷೆಗೆ ಒಂದು ಮಾತು ಅಂದ್ಬಿಟ್ಟೆ."

"ಏನಂದ್ರಿ?"

"ಗಾಡಿ ಗಟ್ಟಿಯಾಗಿದೆ ಯಜಮಾನ್ರೇ, ಅದುರ್ತಿರೋದು ನೀವೇ ಇರ್ಬೇಕು ಅಂತ. ಬೆಂಚಲ್ಲಿ ಕೂತಿದ್ದೋರೆಲ್ಲ ನಕ್ಕರು. ಅವರು ಮಾತ್ರ ನಗಲಿಲ್ಲ."

ಅವಳೂ ನಗಲಿಲ್ಲ. ಎಂಜಿನ್ ಅಲ್ಲ, ಗೇರ್‌ಬಾಕ್ಸ್ ಅಲ್ಲ, ಚಕ್ರವೂ ಅಲ್ಲ. ಎಲ್ಲವನ್ನೂ ಕಳೆದ ಮೇಲೆ ಹ್ಯಾಂಡಲ್ಲನ್ನು ಮುಟ್ಟುವುದು ಇನ್ನೊಂದೇ ಉಳಿದಿತ್ತು.

* * *

ಮರುದಿನ ಬೆಳಿಗ್ಗೆ ಅವಳೇ ಬಿಸಿನೀರು ತಂದಿಟ್ಟಳು. ಟವಲು, ಬ್ರಷ್ಷು, ಸಾಬೂನು, ಮಾವನ ಕತ್ತಿ. ಗಂಡ ಕಿಟಕಿಯ ಹತ್ತಿರ ಕೂತ.

"ಮಾವ, ಇವರಿಗೊಂದು ಶೇವ್ ಮಾಡ್ಬಿಡಿ."

"ಸಂಜೆ ನೋಡೋಣ ಕಣಮ್ಮ."

"ಈಗಲೇ ಮಾಡಿ ಮಾವ."

ಅವರು ಸೊಸೆಯ ಮುಖ ನೋಡಿದರು. ಅವಳು ಕಣ್ಣು ಕದಲಿಸಲಿಲ್ಲ. ನೊರೆ ಹಚ್ಚಿದರು. ಕತ್ತಿ ಬಿಚ್ಚಿ ಮಗನ ಗಲ್ಲದ ಕೆಳಗೆ ತಂದರು. ಅಲ್ಲಿಗೆ ನಿಂತಿತು. ಕತ್ತಿಯ ಮೇಲಿದ್ದ ಕಿಟಕಿಯ ಬೆಳಕು ಎದುರು ಗೋಡೆಯ ಮೇಲೆ ಚಡಪಡಿಸಿತು.

ಗಂಡ ಗೋಡೆಯನ್ನು ನೋಡಿದ. ಆಮೇಲೆ ಅಪ್ಪನ ಕೈ ನೋಡಿದ.

ಮಾವ ಕತ್ತಿ ಮಡಚಿ ಕೆಳಗಿಟ್ಟರು.

ಅವಳು ನಿಧಾನವಾಗಿ ಹೇಳತೊಡಗಿದಳು, ಇದು ತನ್ನ ಬಾಯಿಂದ ಬರಬಾರದಿತ್ತು ಎಂದುಕೊಳ್ಳುತ್ತಲೇ. ಬೈಕಿನಿಂದ ಕೈ ಜೋಮು ಹಿಡಿಯುತ್ತದೆ ಎಂದು ನೀವು ಗಿರಾಕಿಗಳಿಗೆಲ್ಲ ಹೇಳಿದ್ದಿರಿ. ಬೈಕು ಹಿತ್ತಲು ಸೇರಿ ಇಷ್ಟು ದಿನವಾಯಿತು, ಆದರೂ ಚಹಾವನ್ನು ಅರ್ಧ ಲೋಟ ಹಾಕಿಸಿಕೊಂಡು ಎರಡೂ ಕೈಯಲ್ಲಿ ಹಿಡಿಯುತ್ತೀರಿ. ಆ ಗೀರುಗಳು ಮೆಕ್ಯಾನಿಕ್ಕಿನ ಪಾನದವಲ್ಲ. ಹಿಡಿತಕ್ಕೆ ಬಾರದ ಕೈಯವು. ಸಿಲಿಂಡರಿನ ಹಿಂದಿನ ಪಾನದ ಬಾಯಿ ಆ ನಟ್ಟಿನ ಅಳತೆಗೇ ನಿಂತಿದೆ.

ಮಾವ ಒಪ್ಪಿಕೊಂಡರು. ಗಿರಾಕಿಯೊಬ್ಬರ ಕಿವಿಯ ಹತ್ತಿರ ಕತ್ತಿ ತಗುಲಿದ್ದಕ್ಕೆ ಬೈಕಿನ ನೆಪ ಹೇಳಿದ್ದರು. ಹೇಳುತ್ತ ಹೇಳುತ್ತ ಅದನ್ನು ತಾವೂ ನಂಬಿದ್ದರು. ಆ ನಗು ಕೇಳಿದ ಸಂಜೆ ನಟ್ಟುಗಳನ್ನು ಒಂಚೂರು ಸಡಿಲಿಸಿದರು. ಬೆಳಿಗ್ಗೆ ತಾವೇ ಮೆಲ್ಲಗೆ ಓಡಿಸಿಕೊಂಡು ಹೋಗಿ, ನಕ್ಕವರ ಎದುರೇ ಬೈಕು ಅದುರುವುದನ್ನು ತೋರಿಸುವ ಎಣಿಕೆ. ಸ್ನಾನ ಮುಗಿಸಿ ಬರುವಷ್ಟರಲ್ಲಿ ಮಗ ಕೀಲಿ ಎತ್ತಿಕೊಂಡು ಹೋಗಿದ್ದ. ಕೂಗುತ್ತಾ ಬೀದಿಯ ಕೊನೆಯವರೆಗೂ ಓಡಿದ್ದರಂತೆ.

"ಅದು ಸರಿ ಮಾವ. ಆದ್ರೆ ಆ ಮನುಷ್ಯನ್ನ ಕೂರಿಸಿದಾಗ ಯಾಕೆ ಸುಮ್ಮನಿದ್ರಿ?"

"ಹೇಳ್ಬಿಡೋಣ ಅಂತಲೇ ಸ್ಟೇಷನ್ನಿಗೆ ಬಂದಿದ್ದೆ. ನೀನು ಅವನಿಗೆ ಕೈ ಶುದ್ಧ ಇರ್ಬೇಕು ಅಂದೆ. ನಾನು ಕೈ ಜೇಬಿಗೆ ಹಾಕ್ಕೊಂಡೆ."

ಗಂಡ ಎಡಗೈಯಿಂದ ಮುಖದ ನೊರೆ ಒರೆಸಿಕೊಂಡು, ಅಪ್ಪನ ಕೈಯನ್ನು ತನ್ನ ತೊಡೆಯ ಮೇಲೆ ಇರಿಸಿಕೊಂಡ. ಅದು ಅಲ್ಲೂ ನಿಲ್ಲಲಿಲ್ಲ.

* * *

ಅವಳು ಕೇಸನ್ನು ಬೇರೆ ಅಧಿಕಾರಿಗೆ ಒಪ್ಪಿಸಿದಳು. ತನ್ನ ತಪ್ಪನ್ನೂ ವರದಿಯಲ್ಲಿ ಬರೆದಳು. ಆಮೇಲೆ ಮಾವನ ಜೊತೆ ನಡೆದುಕೊಂಡೇ ವರ್ಕ್‌ಶಾಪಿಗೆ ಹೋದಳು. ಗಿರಾಕಿಗಳಿಲ್ಲದಿದ್ದರೂ ಹರಟೆಯವರು ಬೆಂಚಿನಲ್ಲಿದ್ದರು. ಅವತ್ತು ನಕ್ಕಿದ್ದವರೇ.

ಮೊದಲು ಅವಳು ಮಾತಾಡಿದಳು. ಜೀಪು ತಂದದ್ದು ತಪ್ಪು, ಅಂದ ಮಾತು ತಪ್ಪು, ನಟ್ಟು ಸಡಿಲಿಸಿದ್ದು ತಮ್ಮ ಮನೆಯವರೇ, ಮೆಕ್ಯಾನಿಕ್ಕಿನ ಕೈಯಲ್ಲಿ ಯಾವ ದೋಷವೂ ಇರಲಿಲ್ಲ ಎಂದು ಎಲ್ಲರಿಗೂ ಕೇಳುವಂತೆ ಹೇಳಿದಳು.

ಮಾವ ಒಂದು ಹೆಜ್ಜೆ ಮುಂದೆ ಬಂದರು. ಜೇಬಿನಿಂದ ಬಲಗೈ ತೆಗೆದು ಮುಂದೆ ಚಾಚಿದರು. ಎಲ್ಲರೂ ನೋಡಿದರು. ಈ ಸಲ ಯಾರೂ ನಗಲಿಲ್ಲ.

"ನಾನು ಆ ಮಾತು ಆಡಬಾರದಿತ್ತು ಯಜಮಾನ್ರೇ" ಎಂದ ಮೆಕ್ಯಾನಿಕ್, ತಲೆ ತಗ್ಗಿಸಿಕೊಂಡೇ.

ಪಕ್ಕದ ಅಂಗಡಿಯಿಂದ ಚಹಾ ತರಿಸಿದ. ತುಂಬಿದ ಲೋಟದಿಂದ ಅರ್ಧವನ್ನು ತನ್ನ ಲೋಟಕ್ಕೆ ಸುರಿದುಕೊಂಡು, ಉಳಿದ ಅರ್ಧವನ್ನು ಮಾವನ ಎರಡೂ ಕೈಗೆ ಕೊಟ್ಟ. ಅವರು ಹಿಡಿದುಕೊಳ್ಳುವವರೆಗೆ ಕೆಳಗಿನಿಂದ ಬೆರಳು ಆನಿಸಿದ್ದ.

ಅವಳಿಗೆ ಯಾರೂ ಚಹಾ ಕೊಡಲಿಲ್ಲ. ಅವಳು ಬಾಗಿಲ ಬಳಿ, ಜೀಪು ನಿಂತಿದ್ದ ಜಾಗದಲ್ಲೇ ನಿಂತು, ಮಾವ ಕುಡಿದು ಮುಗಿಸುವುದನ್ನು ಕಾದಳು.