ರಮಜಾನಸಾಬನ ಎಡಗಾಲು

ಕಬ್ಬಿನ ಕಟಾವು ಭರದಲ್ಲಿತ್ತು. ಅಂಕಲಗಿಯ ಆಚೆ ಸೋಮಲಿಂಗನ ಹೊಲಕ್ಕೆ ಇಬ್ಬನಿ ಆರುವ ಮೊದಲೇ ಕಡಿಯುವವರ ಗ್ಯಾಂಗು ಇಳಿದು, ಬಿಸಿಲೇರುವಷ್ಟರಲ್ಲಿ ಅರ್ಧ ಹೊಲ ಬೋಳಾಗಿತ್ತು. ಗಂಡಸರು ಕೊಯ್ತ ಬೀಸಿ ಬುಡಕ್ಕೆ ಕಡಿಯುತ್ತಿದ್ದರು, ಹೆಂಗಸರು ಒಣಗರಿಯ ರವದಿ ಸುಲಿದು ಹೊರೆ ಕಟ್ಟುತ್ತಿದ್ದರು. ಸೋಮಲಿಂಗ ಒಡ್ಡಿನ ಮೇಲೆ ನಿಂತು, ಪಲ್ಟನ್ನಿನಲ್ಲಿದ್ದಾಗಿನ ಗತ್ತಿನಲ್ಲೇ ಟ್ರಾಲಿ ತುಂಬುವವರನ್ನು ಗದರುತ್ತಿದ್ದ. ಆಗ ಕೋಲೂರಿಕೊಂಡು, ಎಡಗಾಲು ಎಳೆಯುತ್ತ ರಮಜಾನಸಾಬ ಒಡ್ಡಿನ ಗುಂಟ ಬರುವುದು ಕಾಣಿಸಿತು.

"ಬಾರಲೇ ಗಾದಿ ಸಾಹೇಬ. ಒಂದ ಗಣಿಕಿ ಕಬ್ಬ ತಿಂತಿ ಏನು?"

"ಕೊಲ್ಲಾಕ ನಿಂತಿ ಏನ್ಲೇ ಸೋಮ್ಯಾ? ನನ್ನ ಮೈಯಾಗಿನ ಸಕ್ಕರಿ ತಗದರ ಒಂದ ಫ್ಯಾಕ್ಟರಿ ನಡೀತೈತಿ."

ಇಬ್ಬರೂ ಒಂದೇ ಸಾಲಿ ಕಲಿತವರು, ಒಂದೇ ದಿನ ಸೈನ್ಯಕ್ಕೆ ಭರ್ತಿಯಾದವರು. ತಿರುಗಿ ಬಂದ ಮೇಲೆ ಸೋಮಲಿಂಗ ಹೊಲಕ್ಕಿಳಿದ, ರಮಜಾನಸಾಬ ಗೋಕಾಕದ ಪೇಟೆಯಲ್ಲಿ ಅಪ್ಪನ ಗಾದಿ ಅಂಗಡಿಯಲ್ಲಿ ಕೂತ. ಈಗ ರವದಿಯ ರಾಶಿಯ ಮೇಲೆ ಕುಸಿದು ಕೂತು, ಕಾಲು ಚಾಚಿ, ಬಂದ ಸುದ್ದಿ ಹೇಳಿದ. ಗೋಕಾಕ ಕೋರ್ಟಿನಲ್ಲಿ ಹಿರಿಯ ವಕೀಲರೊಬ್ಬರ ಕೈಕೆಳಗಿದ್ದ ಅವನ ಮಗಳು ಸಾಹಿರಾ, ಗಾಯದ ಪದಕಕ್ಕಾಗಿ ಮತ್ತೆ ಅಪೀಲು ಹಾಕಿದ್ದಳು.

"ಕಾಗದದಾಗ ನೀರಿಗೆ ಹೋದಾಗ ಆದ ಅಪಘಾತ ಅಂತ ಬರದಾರಲೇ. ಪ್ಯಾಟ್ಯಾಗ ಮಂದಿ, ಕುಡದ ಬಿದ್ದಿರಬೇಕ ಬಿಡು ಅಂತಾರ. ಈ ಸಲ ಮ್ಯಾಲಿನವರು ಒಂದ ಕೇಳ್ಯಾರ. ಮೊಣಕಾಲ ಕೆಳಗ ಕುಂತ ಚೂರು ಯಾರ ಗುಂಡಿಂದು ಅಂತ ತೋರಸ್ರಿ, ಸಾಕು ಅಂತ. ಡಾಕ್ಟರಗ ಕೇಳಿದೆ. ಈಗ ತಗೀಬಹುದಂತ. ಮೊದಲ ಹಿಮ್ಮಡದ ಹುಣ್ಣ ಮಾಯ್ಬೇಕಂತ."

ಸೋಮಲಿಂಗ ಟ್ರಾಲಿಯ ಕಡೆ ಮುಖ ತಿರುವಿದ. "ಚಲೋ ಆತಲ್ಲ," ಎಂದ. ತನ್ನ ದನಿ ತನಗೇ ಬೇರೆಯವರದೆನಿಸಿತು.

ಆ ಚೂರು ಯಾರದೆಂದು ಲೋಕದಲ್ಲಿ ಗೊತ್ತಿದ್ದವನು ಅವನೊಬ್ಬನೇ. ಕಾಶ್ಮೀರದ ಒಂದು ಗುಡ್ಡದ ಚೌಕಿ, ಹೊತ್ತು ಮುಳುಗುವ ಸಮಯ. ರಮಜಾನ ಕೆಳಗಿನ ಝರಿಗೆ ನೀರಿಗೆ ಹೋಗಿದ್ದ. ಸೋಮಲಿಂಗ ಪಹರೆಗೆ ಕೂತಿದ್ದ. ಎಲೆ ಸರಿದರೂ ಹೆದರಿ ಬಂದೂಕು ಎತ್ತುತ್ತಿದ್ದ. ಪೊದೆ ಅಲುಗಿತು. ಯಾರೆಂದು ಕೂಗಿ ಕೇಳಬೇಕಿತ್ತು, ಕೇಳಲಿಲ್ಲ. ಬೆರಳು ತಾನಾಗಿ ಒತ್ತಿಕೊಂಡಿತು. ಪೊದೆಯೊಳಗಿಂದ ಬಂದದ್ದು "ಯಾ ಅಲ್ಲಾ" ಎಂಬ ಚೀರು. ಆ ಒಂದು ಸದ್ದಿಗೆ ಆಚೆಯ ಗುಡ್ಡದಿಂದ ಗುಂಡಿನ ಮಳೆ ಶುರುವಾಗಿ ಎಲ್ಲವನ್ನೂ ಮುಚ್ಚಿಬಿಟ್ಟಿತು. ಆ ಮಳೆಯಲ್ಲೇ ರಮಜಾನನನ್ನು ಬೆನ್ನ ಮೇಲೆ ಹೊತ್ತು ಸೋಮಲಿಂಗ ಕೆಳಗಿಳಿದ. ಹೊತ್ತು ತಂದದ್ದು ಸುಳ್ಳಲ್ಲ. ಊರು ಅವನಿಗೆ ಹಾರ ಹಾಕಿ ತೆರೆದ ಜೀಪಿನಲ್ಲಿ ಮೆರೆಸಿತು. ಪ್ರತಿ ವರ್ಷ ಸಾಲಿಯ ಧ್ವಜ ಏರಿಸುವುದು ಅವನೇ. ಹೆಂಡತಿ ಯಮನವ್ವ ಆ ಹಾರದ ಫೋಟೋವನ್ನು ದೇವರ ಜಗುಲಿಯ ಬಾಜೂಕ್ಕೇ ತೂಗುಹಾಕಿದ್ದಳು.

ತಮ್ಮ ಬಂದೂಕಿನ ಗುಂಡು ಸಣ್ಣದು, ಆಚೆಯವರದು ದಪ್ಪ. ಚೂರಾಗಿದ್ದರೂ ಲೋಹ ನೋಡಿ ಹೇಳುವವರಿದ್ದಾರೆ. ಜೈಲಿಗಿಂತ, ಪೆನ್ಷನ್ನಿಗಿಂತ ಅವನನ್ನು ನಡುಗಿಸಿದ್ದು ಬೇರೆಯೇ: ರಮಜಾನ ಗಾದಿಯ ಮೇಲಿಂದ ತಲೆಯೆತ್ತಿ ತನ್ನನ್ನು ನೋಡುವ ಆ ಒಂದು ಗಳಿಗೆ.

ಅಪೀಲಿನ ಸುದ್ದಿ ಕೇಳಿದ ದಿನದಿಂದ ಬಾಗಿಲಲ್ಲಿ ಗಾಡಿ ನಿಂತ ಸದ್ದಾದರೂ ಅವನ ಎದೆ ಹಾರುತ್ತಿತ್ತು. ಯೋಚಿಸಿ ಯೋಚಿಸಿ ಡಾಕ್ಟರನ ಮಾತಿನಲ್ಲೇ ಅವನಿಗೆ ದಾರಿ ಕಂಡಿತು. ಹುಣ್ಣು ಮಾಯ್ದ ಮೇಲೆ ಚೂರು ತೆಗೆಯುತ್ತಾರೆ. ಹುಣ್ಣು ಮಾಯದಿದ್ದರೆ? ಸಕ್ಕರೆ ರೋಗದವರ ಹುಣ್ಣು ಮೇಲೇರಿದರೆ ಕಾಲನ್ನೇ ತೆಗೆಯುತ್ತಾರೆ. ತೆಗೆದ ಕಾಲನ್ನು ಏನು ಮಾಡುತ್ತಾರೆಂದು ಅವನಿಗೆ ಗೊತ್ತಿತ್ತು. ಯಮನವ್ವನ ಆಪರೇಷನ್ ಆದಾಗ ಕಣ್ಣಾರೆ ಕಂಡಿದ್ದ: ದೇಹದಿಂದ ತೆಗೆದದ್ದೆಲ್ಲ ಹಳದಿ ಚೀಲಕ್ಕೆ, ಚೀಲ ವ್ಯಾನಿಗೆ, ವ್ಯಾನು ಸುಡುವ ಭಟ್ಟಿಗೆ. ಚೂರೂ ಹೋಗುತ್ತದೆ, ರಮಜಾನನ ಜೀವ ಉಳಿಯುತ್ತದೆ. ವಿಷ ಬೇಡ, ಕತ್ತಿ ಬೇಡ. ಬರೀ ತಡ ಮಾಡಿದರೆ ಸಾಕು, ಅದೂ ಪ್ರೀತಿಯಿಂದ. ಪ್ರೀತಿಗೆ ಯಾರು ಕೇಸು ಹಾಕುತ್ತಾರೆ?

"ದವಾಖಾನಿಗೆ ಹೋದರ ಕೊಯ್ದಬಿಡ್ತಾರ," ಎಂದು ಮೊದಲು ಹೆದರಿಸಿದ. ತನ್ನ ಕಾರಿನಲ್ಲೇ ಮೂಡಲಗಿಗೆ ಕರೆದುಕೊಂಡು ಹೋದ. ಅಲ್ಲಿ ಉದ್ದಪ್ಪನೆಂಬ ನಾಟಿ ವೈದ್ಯ ಹುಣ್ಣಿಗೆ ಸೊಪ್ಪಿನ ಲೇಪ ಕೊಡುತ್ತಿದ್ದ. ನಡೆಯಲು ತ್ರಾಸಪಡುತ್ತಿದ್ದ ರಮಜಾನನನ್ನು ಕಾರಿನಲ್ಲೇ ಕೂರಿಸಿ ಸೋಮಲಿಂಗ ಒಬ್ಬನೇ ಒಳಗೆ ಹೋದ.

"ಸಕ್ಕರಿ ಐತೇನ್ರಿ ಅವರಿಗೆ?" ಉದ್ದಪ್ಪ ಲೇಪ ಅರೆಯುವುದನ್ನು ನಿಲ್ಲಿಸಿ ಕೇಳಿದ. "ಸಕ್ಕರಿ ಇದ್ದವರಿಗೆ ನಾ ಕೊಡಂಗಿಲ್ರಿ. ದೊಡ್ಡ ದವಾಖಾನಿಗೆ ಕಳಸ್ತೇನಿ."

"ಸಕ್ಕರಿ ಎಲ್ಲೀದ್ರಿ. ಕಡದ ಕಬ್ಬಿನ ಕೂಳಿ ಕಾಲಿಗೆ ನಟ್ಟೈತಿ, ಅಷ್ಟ."

ಲೇಪ ಬಂತು. ಸೋಮಲಿಂಗ ದಿನಾ ಗೋಕಾಕಕ್ಕೆ ಹೋಗಿ ತಾನೇ ಕೈಯಾರೆ ಪಟ್ಟಿ ಕಟ್ಟಿದ. ಒದ್ದೆ ಪಟ್ಟಿ, ಅದರ ಮೇಲೆ ಗಾಳಿಯಾಡದಂತೆ ಪ್ಲಾಸ್ಟಿಕ್ಕು, ಅದರ ಮೇಲೆ ಬಿಗಿಯಾಗಿ ಬಟ್ಟೆ. ಸಕ್ಕರೆ ರೋಗದಿಂದ ಮರಗಟ್ಟಿದ ಆ ಪಾದಕ್ಕೆ ನೋವು ತಿಳಿಯುವುದಿಲ್ಲವೆಂದು ಅವನಿಗೆ ಗೊತ್ತಿತ್ತು. ಅಂಗಡಿಗೆ ಬಂದ ಗಿರಾಕಿಗಳು, "ಸ್ವಂತ ತಮ್ಮನೂ ಇಷ್ಟ ಮಾಡಂಗಿಲ್ರಿ" ಎಂದರು. ರಮಜಾನನ ಹೆಂಡತಿ ಮೈನಾಬಿ ಮಾತ್ರ ಒಮ್ಮೆ ಮೂಗಿಗೆ ಸೆರಗು ಹಿಡಿದು, "ಸೋಮಣ್ಣಾ, ವಾಸನಿ ಬರಾಕತ್ತೈತಲ್ಲ?" ಎಂದಳು. ಅವನು ಬಟ್ಟೆಯನ್ನು ಇನ್ನೊಂದು ಸುತ್ತು ಬಿಗಿದ. "ಅದ ಸೊಪ್ಪಿನ ವಾಸನಿ ಭಾಬಿ. ಕೆಟ್ಟದ್ದು ಹೊರಗ ಬೀಳಾಕತ್ತೈತಿ," ಎಂದ.

ಜನವರಿ ಇಪ್ಪತ್ತಾರಕ್ಕೆ ಹೊಸ ಬೂಟು ಉಡುಗೊರೆ ಕೊಟ್ಟ. ಒಂದು ಅಳತೆ ಚಿಕ್ಕದು.

"ಬಿಗಿ ಅದಾವಲೇ."

"ಬೂಟ ಅಂದಮ್ಯಾಲ ಬಿಗಿ ಇರಬೇಕೋ. ಗಾದಿ ಮ್ಯಾಲ ಕುಂತ ಕುಂತ ಪಾದ ಹಿಗ್ಗ್ಯಾವ ನಿನ್ನವು."

ಅಂಕಲಗಿಯ ಸಾಲಿಯಂಗಳದಲ್ಲಿ ಸೋಮಲಿಂಗ ಧ್ವಜ ಏರಿಸಿದ. ಹಳೆಯ ಸಿಪಾಯಿ ರಮಜಾನಸಾಬ ಆ ಬೂಟಿನಲ್ಲಿ ನೆಟ್ಟಗೆ ನಿಂತು ಸಲಾಮು ಹೊಡೆದ. ಅವನ ಕಣ್ಣಲ್ಲಿ ನೀರಿತ್ತು. ಸೋಮಲಿಂಗ ಆ ಬೂಟಿನತ್ತ ನೋಡದೆ ಧ್ವಜದತ್ತಲೇ ಕಣ್ಣು ನೆಟ್ಟು ನಿಂತದ್ದನ್ನು ಮಾಸ್ತರರು ದೇಶಭಕ್ತಿಯೆಂದು ತಿಳಿದರು.

ವಾರ ಕಳೆಯುವುದರೊಳಗೆ ಚಳಿಜ್ವರ ಬಂತು. ಪಾದ ಕಪ್ಪಾಗಿತ್ತು. ಸಾಹಿರಾ ಯಾರ ಮಾತೂ ಕೇಳದೆ ಅಪ್ಪನನ್ನು ಆಟೋದಲ್ಲಿ ಹಾಕಿಕೊಂಡು ಗೋಕಾಕದ ಒಂದು ಆಸ್ಪತ್ರೆಗೆ ಒಯ್ದಳು. ಸೋಮಲಿಂಗ ಓಡೋಡಿ ಬಂದಾಗ ಡಾಕ್ಟರು ಅವಸರದಲ್ಲಿದ್ದರು: ಮೊಣಕಾಲಿನ ಮೇಲಿನಿಂದ ತೆಗೆಯಬೇಕು, ಈಗಿಂದೀಗ, ಇಲ್ಲದಿದ್ದರೆ ಮನುಷ್ಯ ಉಳಿಯುವುದಿಲ್ಲ. ಚೂರಿನ ಮಾತು ಯಾರಿಗೂ ನೆನಪಾಗಲಿಲ್ಲ. ಅವನೊಬ್ಬನಿಗೆ ಬಿಟ್ಟು.

ಒಳಗೆ ಕೆಂಪು ದೀಪ ಹತ್ತಿತು. ಹೊರಗೆ ಬೆಂಚಿನ ಮೇಲೆ ಕೂತ ಸೋಮಲಿಂಗನಿಗೆ ಅಂದು ಹತ್ತಿದ ಹೆದರಿಕೆ ಹೊಸತು. ಸತ್ತೇಹೋದರೆ? ಕೊಲೆ ತನ್ನ ಲೆಕ್ಕದಲ್ಲಿರಲಿಲ್ಲ. ಕಾಲು ಮಾತ್ರ ಸಾಕು ಎಂದು ಅವನು ತನ್ನ ಮನೆದೇವರನ್ನೂ ಮಸೀದಿಯ ದಿಕ್ಕನ್ನೂ ಬೇಡಿಕೊಂಡ. ಆಮೇಲೆ ಡಾಕ್ಟರು ಹೊರಬಂದು, ಜೀವಕ್ಕೆ ಭಯವಿಲ್ಲ ಎಂದರು. ಮೈನಾಬಿಯ ಅಣ್ಣ ನಾಸೀರ ಒಳಗಿನವರೊಂದಿಗೆ ಏನೋ ಮಾತಾಡುತ್ತಿದ್ದ. ಸೋಮಲಿಂಗನ ಕಣ್ಣು ಮಾತ್ರ ಕಿಟಕಿಯಲ್ಲಿತ್ತು. ಹಿತ್ತಲ ಬಾಗಿಲಿಗೆ ವ್ಯಾನು ಬಂದು ನಿಂತಿತ್ತು. ಹಳದಿ ಚೀಲಗಳು ಒಂದೊಂದಾಗಿ ಏರಿದವು. ಅವುಗಳಲ್ಲೊಂದು ಉದ್ದಕ್ಕಿತ್ತು, ಭಾರವಿತ್ತು. ವ್ಯಾನು ತಿರುವಿನಲ್ಲಿ ಮರೆಯಾದಾಗ, ಎಷ್ಟೋ ದಿನಗಳ ಮೇಲೆ ಮೊದಲ ಸಲ, ಅವನು ಕೂತಲ್ಲೇ ನಿದ್ದೆಹೋದ.

ಎಚ್ಚರವಾಗುವಷ್ಟರಲ್ಲಿ ಸಾಹಿರಾ ಎದುರಿಗೆ ನಿಂತಿದ್ದಳು.

"ಕಾಕಾ, ಗುಂಡಿನ ಚೂರು? ಗಡಿಬಿಡ್ಯಾಗ ಅದನ್ನ ತಗದ ಇಡ್ರಿ ಅನ್ನೋದ ಮರತೆ. ಅಪ್ಪನ ಕಾಲು ಹೋತು, ಕೇಸೂ ಹೋತು."

"ಕೇಸ ಎಲ್ಲಿ ಹೋಗತೈತಿ ಮಗಳ," ಎಂದು ಅವಳ ತಲೆ ಸವರಿದ. "ಕಣ್ಣಾರೆ ನೋಡಿದಾಂವ ನಾ ಅದೇನಲ್ಲ. ಎಲ್ಲಿ ಹೇಳಂತಿ ಅಲ್ಲಿ ಬಂದ ಹೇಳತೇನಿ."

ಈ ಮಾತು ಬರಿಯ ಬಾಯುಪಚಾರವಲ್ಲ. ಚೂರಿಲ್ಲದ ಕೇಸು ಅನುಮಾನ ಹುಟ್ಟಿಸುತ್ತದೆ. ಪದಕ ಬಂದ ಕೇಸನ್ನು ಮತ್ತೆ ಯಾರೂ ಕೆದಕುವುದಿಲ್ಲ. ಪದಕ ಕೊಡಿಸುವುದೇ ಬಾಗಿಲಿಗೆ ಚಿಲಕ ಹಾಕಿದಂತೆ. ರಮಜಾನನಿಗೂ ಸಮಾಧಾನ.

ವಿಚಾರಣೆಯ ಅಧಿಕಾರಿ ಹುಕ್ಕೇರಿಯ ಪ್ರವಾಸಿ ಮಂದಿರದಲ್ಲಿ ಮಾಜಿ ಸೈನಿಕರ ಅಹವಾಲು ಕೇಳಲು ಬಂದಾಗ ಸೋಮಲಿಂಗ ಇಸ್ತ್ರಿ ಅಂಗಿ ತೊಟ್ಟು ಹೋದ. ಅಧಿಕಾರಿ ಕನ್ನಡಕ ಒರೆಸುತ್ತ, ನಿಮ್ಮವರದೇ ಗುಂಡು ತಪ್ಪಿ ತಾಗಿರಬಹುದಲ್ಲ ಎಂದು ಕೇಳಿದ. ಈ ಪ್ರಶ್ನೆಗೆ ಸೋಮಲಿಂಗ ಹೊಲದಲ್ಲಿ, ಕಾರಿನಲ್ಲಿ, ಸ್ನಾನದ ಕಲ್ಲಿನ ಮೇಲೆ ಉತ್ತರ ಹೊಸೆದಿಟ್ಟಿದ್ದ.

"ಆಗೂದ ಶಕ್ಯ ಇಲ್ರಿ ಸಾಹೇಬ್ರ. ಅಲ್ಲಿದ್ದವರು ನಾವಿಬ್ಬರ. ಉಳದವರೆಲ್ಲಾ ಗುಡ್ಡದ ಆ ಕಡಿ. ಅವರ ಗುಂಡು ಅಲ್ಲಿಗೆ ಮುಟ್ಟಂಗಿಲ್ಲ. ರಮಜಾನ ನೀರಿಗೆ ಹೋಗ್ಯಾನ, ಕೈಯಾಗ ಕ್ಯಾನ್ ಅಷ್ಟ. ಬಂದೂಕು ಇದ್ದದ್ದು ನನ್ನ ಒಬ್ಬನ ಕೈಯಾಗ, ನಾ ಒಂದೂ ಗುಂಡ ಹೊಡದಿಲ್ಲ. ಬೇಕಾದರ ಪ್ರಮಾಣ ಮಾಡಸ್ರಿ."

ಪ್ರಮಾಣ ಮಾಡಿಸಿದರು. ರುಜು ಹಾಕಿದ. ಹೊರಗೆ ಗಾಲಿಕುರ್ಚಿಯಲ್ಲಿ ಕೂತಿದ್ದ ರಮಜಾನಸಾಬ ಅವನ ಎರಡೂ ಕೈ ಹಿಡಿದು ಕಣ್ಣಿಗೊತ್ತಿಕೊಂಡ. "ಹೊತ್ತ ತಂದಿ, ಪಟ್ಟಿ ಕಟ್ಟಿದಿ, ಈಗ ಸಾಕ್ಷಿ ಹೇಳಿದಿ. ನಿನ್ನ ಋಣ ಹ್ಯಾಂಗ ತೀರಸ್ಲಲೇ?" ಸೋಮಲಿಂಗ ನಕ್ಕ. ಕೈ ಬಿಡಿಸಿಕೊಳ್ಳಲು ನೋಡಿದ, ರಮಜಾನ ಬಿಡಲಿಲ್ಲ.

ಆಮೇಲೆ ರಮಜಾನ್ ಈದು ಬಂತು. ಪ್ರತಿ ವರ್ಷದಂತೆ ಸೋಮಲಿಂಗ ಹಾಲು ಶ್ಯಾವಿಗೆಯ ಸುರಕುಂಬಾ ಕುಡಿಯಲು ಗೋಕಾಕದ ಮನೆಗೆ ಹೋದ. ಮೈನಾಬಿ ಬಟ್ಟಲು ತುಂಬಿಸಿ ಕೊಟ್ಟಳು. ಗೋಡಂಬಿ, ಉತ್ತತ್ತಿ, ಮೇಲೆ ಕೆನೆ. ರಮಜಾನಸಾಬ ಹೊಸ ಜುಬ್ಬಾದಲ್ಲಿ ಗಾದಿಗೊರಗಿ, "ನನಗ ವಾಸನಿ ಅಷ್ಟ ಪುಣ್ಯ. ನೀ ಕುಡೀಲೇ, ನಿನಗೇನ ಸಕ್ಕರಿನಾ ದುಃಖಾನಾ," ಎಂದ. ಸೋಮಲಿಂಗನಿಗೆ ನಿಜವಾಗಿಯೂ ರುಚಿ ಹತ್ತಿತು. ಬಾಗಿಲಲ್ಲಿ ಗಾಡಿ ನಿಂತ ಸದ್ದಾಯಿತು. ಎದೆ ಹಾರಲಿಲ್ಲ.

ಒಳಗೆ ಬಂದವಳು ಸಾಹಿರಾ, ಹಿಂದೆ ನಾಸೀರ. ಅಂಕಲಗಿಗೆ ಹೋಗಿ ಬಂದಿದ್ದರು. ಅವಳ ಮುಖ ಹೊಳೆಯುತ್ತಿತ್ತು. "ಕಾಕಾ, ಮಾಮಾ ಈದ್ ನಮಾಜ್ ಮುಗಿಸಿ ಅಜ್ಜನ ಕಬರಿಗೆ ಹೂವ ಹಾಕಾಕ ಹೋಗಿದ್ದ, ನಾನೂ ಸಂಗಾಟ ಹೋಗಿದ್ದೆ. ಬಾಜೂಕ ಒಂದ ಸಣ್ಣ ಮಣ್ಣಿನ ದಿನ್ನಿ ಇತ್ತು, ಅದಕ್ಕೂ ಹಾಕಿದ. ಇದ್ಯಾವ ಕೂಸಿಂದು ಅಂತ ಕೇಳಿದೆ. ಕೂಸಲ್ಲವಾ, ನಿಮ್ಮಪ್ಪನ ಕಾಲು ಅಂದ. ಆಪರೇಷನ್ ಆದ ದಿನನ ಡಾಕ್ಟರಗ ಕೇಳಿ ಇಸಗೊಂಡು, ಬಿಳಿ ಅರಿವ್ಯಾಗ ಸುತ್ತಿ ದಫನ್ ಮಾಡ್ಯಾರ. ನಾ ಅಪ್ಪನ ಕಡೆ ಇದ್ದೆ, ನನಗ ಗೊತ್ತ ಇಲ್ಲ! ಹುಕ್ಕೇರಿಗೆ ಬಂದಿದ್ದ ಸಾಹೇಬ್ರಿಗೆ ಫೋನ್ ಮಾಡೇನಿ. ನಾಡದ ಪಂಚರನ್ನ ಕರಕೊಂಡು ಬರ್ತಾರಂತ, ಚೂರು ತಗದ ಪರೀಕ್ಷೆಗೆ ಕಳಸ್ತಾರಂತ. ಸಾಕ್ಷಿದಾರರೂ ಇರಬೇಕು ಅಂದ್ರು." ಸುಡುವುದಿಲ್ಲ, ಇವರು ಮಣ್ಣಿಗೆ ಕೊಡುತ್ತಾರೆ: ಹುಟ್ಟಿದಾಗಿನಿಂದ ಇವರ ಓಣಿಯಲ್ಲೇ ಆಡಿ ಬೆಳೆದವನಿಗೆ, ರಮಜಾನನ ಅಪ್ಪನ ಗೋರಿಗೆ ತನ್ನ ಕೈಯಿಂದಲೇ ಮಣ್ಣು ಹಾಕಿ ಬಂದವನಿಗೆ, ಅದೊಂದು ಹೊಳೆದಿರಲಿಲ್ಲ. ಅಲ್ಲಿದ್ದವರು ನಾವಿಬ್ಬರೇ, ಬಂದೂಕು ನನ್ನೊಬ್ಬನ ಕೈಯಲ್ಲೇ ಎಂಬ ಹೇಳಿಕೆಯ ಕೆಳಗೆ ತನ್ನ ರುಜು ಹುಕ್ಕೇರಿಯಲ್ಲಿ ಒಣಗಿಯಾಗಿತ್ತು. ಸೋಮಲಿಂಗನ ಕೈಯಲ್ಲಿ ಬಟ್ಟಲು ಕಟಕಟ ಸದ್ದು ಮಾಡತೊಡಗಿತು. ರಮಜಾನಸಾಬ ಮುಂದಕ್ಕೆ ಬಾಗಿ ಆ ಕೈಯನ್ನು ಬಟ್ಟಲು ಸಮೇತ ಹಿಡಿದುಕೊಂಡ. "ಯಾಕಲೇ ನಡಗತಿ? ಕಾಲು ನಂದು, ನನಗಿಲ್ಲದ ಹೆದರಿಕಿ ನಿನಗ್ಯಾಕ? ನಾಡದ ಮೊದಲನೇ ಸಲಿಕಿ ಮಣ್ಣ ನೀನ ತಗೀಬೇಕು. ನಿನ್ನ ಋಣ ಅಷ್ಟರ ತೀರಲಿ."